ನಲವತ್ತು ಸಾವಿರ ಓಡಬೇಕಿದ್ದ ಕೆಸರು ಟೈರುಗಳು

ಕಟ್ಟುನಿಟ್ಟಿನ ಮನುಷ್ಯನಿಗೆ ನಗೆಪಾಟಲಿನ ಪ್ರಸಂಗಗಳು ಒದಗುವುದಿಲ್ಲ ಎಂದು ಜನ ತಿಳಿದಿದ್ದಾರೆ. ನನ್ನ ಅನುಭವ ಬೇರೆ. ಅವು ನಿಯಮ ಮಾಡುವವನನ್ನೇ ಹುಡುಕಿಕೊಂಡು ಬರುತ್ತವೆ. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಒಂದೇ ಸೆಟ್ ಟೈರಿನಿಂದ ನನಗೆ ಒದಗಿದವನ್ನು ಇಲ್ಲಿ ಬರೆಯುತ್ತಿದ್ದೇನೆ. ಕೊನೆಗೆ ಯಾರಿಗೂ ಏನೂ ಆಗಲಿಲ್ಲ ಎಂದು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ನೆಮ್ಮದಿ, ನನಗೂ ನೆಮ್ಮದಿ.

೧. ಪಂಥ

ತೊಂಬತ್ತರ ದಶಕದ ಕೊನೆಯ ವರ್ಷಗಳು. ಎಸ್ಟೇಟೊಂದರಲ್ಲಿ ವಾಹನಗಳ ಉಸ್ತುವಾರಿ ನೋಡಿಕೊಂಡು ನಿವೃತ್ತನಾದ ಮೇಲೆ ನಾನು ಊಟಿಯಲ್ಲಿ ಪ್ರವಾಸಿಗರಿಗಾಗಿ ಒಂದು ಸಣ್ಣ ಟ್ರಕ್ ಇಟ್ಟುಕೊಂಡಿದ್ದೆ. ನಾಲ್ಕೂ ಚಕ್ರ ಎಳೆಯುವ ಹಳೆಯ ಬಂಡಿ. ಹಿಂದೆ ಎದುರುಬದುರು ಬೆಂಚು, ಮೇಲೆ ಟಾರ್ಪಾಲು. ಒಂದು ದಿನ ಕಲ್ಲಟ್ಟಿ ಘಾಟಿ ಇಳಿದು ಮಸಿನಗುಡಿ, ಗೂಡಲೂರು. ಇನ್ನೊಂದು ದಿನ ಕೂನೂರು, ಕೋತಗಿರಿ. ಡ್ರೈವರ್ ಕೂನೂರಿನ ಹತ್ತಿರದ ಹುಬ್ಬತಲೈ ಹಳ್ಳಿಯವನು. ಮನೆಯಲ್ಲಿ ಅಲ್ಲಿನ ಬಡಗರ ಭಾಷೆ, ನನ್ನೊಡನೆ ಕನ್ನಡ, ಬಂಡಿಯೊಡನೆ ತಮಿಳು ಮಾತಾಡುತ್ತಿದ್ದ. ಎಸ್ಟೇಟಿನ ಕಾಲದಿಂದಲೂ ಅವನೇ ನನ್ನ ಡ್ರೈವರ್. ನಾನು ಪಕ್ಕದ ಸೀಟಿನಲ್ಲಿ ಕೂತು ಪ್ರತಿ ತಿರುವಿಗೂ ಸೂಚನೆ ಕೊಡುವುದು ರೂಢಿ: ಹಾರನ್, ಸೆಕೆಂಡ್ ಗೇರ್, ಎಡಕ್ಕೆ ಹಿಡಿ. ಎಂಟು ವರ್ಷಗಳಲ್ಲಿ ಒಂದು ತಿರುವನ್ನೂ ನಾನು ಬಿಟ್ಟಿದ್ದಿಲ್ಲ.

ಹಳೆಯ ಟೈರ್ ಸವೆದಾಗ, ಕೆಸರಿಗೆಂದೇ ಮಾಡಿದ ದಪ್ಪ ಬಟನ್ನಿನ ಟೈರ್ ಹಾಕಿಸಬೇಕೆಂದು ತೀರ್ಮಾನಿಸಿದೆ. ಬಟನ್ ಎಂದರೆ ಟೈರಿನ ಮೇಲಿನ ರಬ್ಬರಿನ ಉಬ್ಬುಗಳು. ಗೂಡಲೂರಿನ ಟೈರ್ ಅಂಗಡಿಯವನು ಮಲಯಾಳಿ, ವ್ಯಾಪಾರಕ್ಕಿಂತ ಬುದ್ಧಿವಾದ ಹೆಚ್ಚು ಹೇಳುವವನು. "ಸಾರೇ, ಇದು ಕೆಸರಲ್ಲಿ ಆನೆ, ಟಾರ್ ರೋಡಲ್ಲಿ ಸೋಪು. ಇಪ್ಪತ್ತು ಸಾವಿರಕ್ಕೆ ಕರಗಿ ಹೋಗುತ್ತೆ" ಎಂದ. ನಲವತ್ತು ಸಾವಿರ ಕಿಲೋಮೀಟರ್ ಓಡಿದ ಮೇಲೂ ಮೂರು ಮಿಲಿಮೀಟರ್ ಬಟನ್ ಉಳಿದಿರುತ್ತದೆ, ಸರಿಯಾಗಿ ಓಡಿಸಿದರೆ, ಎಂದೆ. ಉಳಿಯದಿದ್ದರೆ ಎಂದು ಕೇಳಿದ.

"ಉಳಿಯದಿದ್ದರೆ ಅವತ್ತಿನಿಂದ ಬಂಡಿ ಓಡಿಸುವ ವಿಷಯದಲ್ಲಿ ನಾನು ಒಂದು ಮಾತೂ ಆಡುವುದಿಲ್ಲ. ಉಳಿದರೆ, ಟೈರಿನ ವಿಷಯದಲ್ಲಿ ನೀನು ನನಗೆ ಬುದ್ಧಿ ಹೇಳಕೂಡದು."

ಅವನು ಒಪ್ಪಿದ. ಡ್ರೈವರ್ ಒಳಗೆ ಬಗ್ಗಿ ಮೀಟರ್ ನೋಡಿ, ಆ ಅಂಕಿಯನ್ನು ಅಂಗೈ ಮೇಲೆ ಬರೆದುಕೊಂಡ. ಮಾತಿನಿಂದ ಬಿಡುಗಡೆಯಾಗುವ ದಿನ ಎಣಿಸುತ್ತಿದ್ದಾನೆ ಎಂದು ಅಂಗಡಿಯವನು ನಕ್ಕ. ನಾನೂ ಹಾಗೆಯೇ ತಿಳಿದೆ.

೨. ಎಲೆ ಲಾರಿ

ಕೆಸರು ಟೈರಿನ ಮೊದಲ ಗುಣ, ಅದು ಟಾರಿನ ಮೇಲೆ ಹಾಡುತ್ತದೆ. ಸುಮಾರು ನಲವತ್ತರ ವೇಗದಲ್ಲಿ ಹಿಟ್ಟಿನ ಗಿರಣಿಯಂಥ ಒಂದು ಗುಂಯ್ ಶುರುವಾಗಿ, ಎದುರಿನ ಗುಡ್ಡಕ್ಕೂ ಕೇಳಿಸುತ್ತಿತ್ತು. ನಾನು ಅದನ್ನು ದಪ್ಪ ಬಟನ್ನಿನ ಲಕ್ಷಣ ಎಂದು ಹಿಂದಿನ ಬೆಂಚಿನವರಿಗೆ ವಿವರಿಸುತ್ತಿದ್ದೆ. ಅವರಿಗೆ ವಿವರಣೆಯೂ ಕೇಳಿಸುತ್ತಿರಲಿಲ್ಲ.

ಒಂದು ದಿನ ಕೋತಗಿರಿಯ ಕಡೆ ಹೋಗುವಾಗ, ಒಂದು ಹಟ್ಟಿಯ ಕೆಳಗಿನ ತಿರುವಿನಲ್ಲಿ ಏಳೆಂಟು ಹೆಂಗಸರು ಟೀ ಎಲೆಯ ಮೂಟೆಗಳನ್ನು ರಸ್ತೆಗೆ ತಂದಿಟ್ಟು ಕೈ ಅಡ್ಡ ಹಿಡಿದರು. ಫ್ಯಾಕ್ಟರಿಗೆ ಎಲೆ ಒಯ್ಯುವ ಲಾರಿ ಬಂತೆಂದು, ಅರ್ಧ ಕೊಯ್ದ ಸಾಲನ್ನು ಬಿಟ್ಟು ಓಡಿ ಬಂದಿದ್ದರು. ನಾನು ಇಳಿದು ಇದು ಪ್ರವಾಸಿಗರ ಬಂಡಿ, ಸದ್ದು ಟೈರಿನದು, ಇಂಥ ಬಂಡಿಯಲ್ಲಿ ಸರಕು ಸಾಗಿಸುವುದು ನಿಯಮಕ್ಕೆ ವಿರುದ್ಧ ಎಂದು ಕ್ರಮವಾಗಿ ಹೇಳಿದೆ. ಅವರಲ್ಲಿ ಹಿರಿಯಾಕೆಯನ್ನು ಡ್ರೈವರ್ ಹೆತ್ತೆ ಎಂದು ಕರೆದ. ಬಡಗರಲ್ಲಿ ಅಜ್ಜಿಗೆ ಹಾಗೆನ್ನುತ್ತಾರೆ. ಆಕೆ ಎಲ್ಲವನ್ನೂ ಕೇಳಿಸಿಕೊಂಡು, "ಎಲೆ ತಕ್ಕೊಂಡು ಹೋಗೋದಿಲ್ಲ ಅಂದ ಮೇಲೆ ಇಷ್ಟು ಸದ್ದು ಮಾಡಿಕೊಂಡು ಯಾಕೆ ಬಂದೆ?" ಎಂದಳು.

ಅಷ್ಟರಲ್ಲಿ ಡ್ರೈವರ್ ನಾಲ್ಕು ಮೂಟೆ ಏರಿಸಿಯಾಗಿತ್ತು. ಅತಿಥಿಗಳು ಮೂಟೆಗಳ ಮೇಲೆ ಕೂತು ಫೋಟೋ ತೆಗೆಸಿಕೊಂಡರು. ನಿಯಮ ಮುರಿದವನೆಂಬ ಸಂಕಟದಲ್ಲಿ ನಾನು ಫ್ಯಾಕ್ಟರಿಯ ಗೇಟಿನವರೆಗೂ ತಿರುವಿನ ಸೂಚನೆಗಳನ್ನು ತಗ್ಗಿದ ದನಿಯಲ್ಲಿ ಕೊಟ್ಟೆ. ಮುಂದಿನ ವಾರ ಬಂದ ಪ್ರವಾಸಿಗರು ಹತ್ತುವ ಮೊದಲೇ ವಿಚಾರಿಸಿದರು, ನಮಗೆ ಮೂಟೆ ಎಲ್ಲಿಂದ ಶುರುವಾಗುತ್ತದೆ ಎಂದು.

೩. ಪಾಠ

ಟೈರುಗಳ ನಿಜವಾದ ಪರೀಕ್ಷೆ ನಡೆದದ್ದು ಮಸಿನಗುಡಿಯಲ್ಲಿ. ಎರಡು ದಿನ ಮಳೆ ಹೊಡೆದು, ಗೆಸ್ಟ್ ಹೌಸಿಗೆ ಹೋಗುವ ಮಣ್ಣುದಾರಿ ಗಂಜಿಯಾಗಿತ್ತು. ಅರ್ಧ ದಾರಿಯಲ್ಲಿ ಬೇರೊಂದು ಜೀಪು ಸಾದಾ ಟೈರಿನಲ್ಲಿ ಹೂತು ನಿಂತಿತ್ತು. ಅದರ ಡ್ರೈವರ್ ಪಕ್ಕದಿಂದ ಲಂಟಾನದ ಕೊಂಬೆಗಳನ್ನು ಕಡಿದು ಚಕ್ರದಡಿ ತುರುಕುತ್ತಿದ್ದ. ನಮ್ಮ ಬಂಡಿ ಅವನನ್ನು ದಾಟಿ ನೆಟ್ಟಗೆ ಮುಂದೆ ಹೋಯಿತು. ಅಷ್ಟಕ್ಕೆ ಹೋಗಿಬಿಟ್ಟಿದ್ದರೆ ಈ ಭಾಗ ಬರೆಯುವ ಅಗತ್ಯವಿರಲಿಲ್ಲ.

ನಾನು ನಿಲ್ಲಿಸಲು ಹೇಳಿದೆ. ಅಜ್ಞಾನದಿಂದ ಕಷ್ಟಪಡುವವರನ್ನು ಕಂಡು ಸುಮ್ಮನೆ ಹೋಗುವುದು ನನ್ನ ಸ್ವಭಾವವಲ್ಲ. ಆ ಡ್ರೈವರನನ್ನು ಕರೆದು, ನಮ್ಮ ಟೈರಿನ ಬಟನ್ನುಗಳ ನಡುವಿನ ಅಂತರ, ಅದು ಕೆಸರನ್ನು ಹೊರಗೆ ಎಸೆಯುವ ರೀತಿ, ಗಾಳಿ ಎಷ್ಟಿರಬೇಕು ಎಂಬುದನ್ನು ಬೆರಳಿಟ್ಟು ತೋರಿಸಿದೆ. ನಮ್ಮ ಡ್ರೈವರ್ ಎರಡು ಸಲ, ಸಾರ್, ಹೊರಡೋಣ ಎಂದ. ನಡುವೆ ಬಾಯಿ ಹಾಕಬೇಡ ಎಂದೆ. ಸುಮಾರು ಇಪ್ಪತ್ತು ನಿಮಿಷ ಆಗಿರಬೇಕು. ಆತ ವಿನಯದಿಂದ ಎಲ್ಲ ಕೇಳಿ, ಹೋಗಿ, ತನ್ನ ಜೀಪನ್ನು ಲಂಟಾನದ ಮೇಲೆ ಹತ್ತಿಸಿ ಹೊರಗೆ ತಂದ.

ನಾವು ಹೊರಡಲು ನೋಡಿದರೆ ಚಕ್ರ ಸುತ್ತುತ್ತಿದೆ, ಬಂಡಿ ಇಳಿಯುತ್ತಿದೆ. ಓಡುತ್ತಿರುವ ತನಕ ಕೆಸರನ್ನು ಎಸೆಯುವ ಟೈರು, ಇಷ್ಟು ಭಾರ ಹೊತ್ತು ಇಪ್ಪತ್ತು ನಿಮಿಷ ಒಂದೇ ಕಡೆ ನಿಂತರೆ ತನಗೆ ತಾನೇ ಗುಂಡಿ ತೋಡಿಕೊಳ್ಳುತ್ತದೆ. ಆಕ್ಸಲ್ ಮುಳುಗಿತ್ತು. ಆ ಡ್ರೈವರ್ ತನ್ನ ಜೀಪನ್ನು ಹಿಂದಕ್ಕೆ ತಂದು, ಹಗ್ಗ ಹಿಡಿದು ಇಳಿದ. "ಪಾಠ ಚೆನ್ನಾಗಿತ್ತು ಸಾರ್. ಇದನ್ನು ಎಲ್ಲಿ ಕಟ್ಟಲಿ?"

೪. ಹಳದಿ ಚುಕ್ಕೆ

ಪಂಥ ಕಟ್ಟಿದವನು ಲೆಕ್ಕವನ್ನು ಕಣ್ಣಂದಾಜಿಗೆ ಬಿಡಬಾರದು. ಒಂದೊಂದು ಟೈರಿನ ಮೇಲೂ ಒಂದು ಕಡೆ ಹಳದಿ ಬಣ್ಣದ ಚುಕ್ಕೆ ಇಟ್ಟು, ಪ್ರತಿ ಭಾನುವಾರ ಬೆಳಿಗ್ಗೆ ಬಂಡಿ ತೊಳೆಸಿ, ಅದೇ ಚುಕ್ಕೆಯ ಪಕ್ಕದಲ್ಲಿ ಬಟನ್ನುಗಳ ನಡುವಿನ ಸಂದಿಗೆ ಗೇಜ್ ಇಳಿಸಿ ಆಳ ಬರೆದುಕೊಳ್ಳುತ್ತಿದ್ದೆ. ಬಣ್ಣ ಮಾಸಿದರೆ ಮತ್ತೆ ಹಚ್ಚುವುದು ಡ್ರೈವರನ ಕೆಲಸ. ಬೇರೆ ಕಡೆ ಅಳೆಯುತ್ತಿರಲಿಲ್ಲ. ದಿನಕ್ಕೊಂದು ಜಾಗದಲ್ಲಿ ಅಳೆದರೆ ಅದು ಅಳತೆಯೇ ಅಲ್ಲ.

ಹೊಸದರಲ್ಲಿ ಹನ್ನೆರಡು ಮಿಲಿಮೀಟರ್. ಹದಿನೈದು ಸಾವಿರಕ್ಕೆ ಒಂಬತ್ತು. ಇಪ್ಪತ್ತೈದು ಸಾವಿರಕ್ಕೆ ಆರು. ಅಂದರೆ ಅಂಗಡಿಯವನ ಇಪ್ಪತ್ತು ಸಾವಿರ ಆಗಲೇ ಸುಳ್ಳಾಗಿತ್ತು. ಆದರೆ ಇದೇ ವೇಗದಲ್ಲಿ ಸವೆದರೆ ನಲವತ್ತಕ್ಕೆ ಮೂರು ಉಳಿಯುವುದಿಲ್ಲ ಎಂದು ನನಗೂ ಗೊತ್ತಾಯಿತು. ಡ್ರೈವರನಿಗೂ ಹೇಳಿದೆ. ಅವನ ಮುಖ ಸಣ್ಣದಾಯಿತು.

ಆಶ್ಚರ್ಯವೆಂದರೆ, ಅಲ್ಲಿಂದಾಚೆ ಸವೆತ ನಿಂತುಬಿಟ್ಟಿತು. ಮೂವತ್ತು ಸಾವಿರಕ್ಕೂ ಆರು. ನೋಡಲು ಬಟನ್ನುಗಳು ಮೊಂಡಾಗಿ ಕಾಣುತ್ತಿದ್ದವು, ಮಳೆಯಲ್ಲಿ ಬ್ರೇಕು ಒಂದು ಗಜ ತಡವಾಗಿ ಹಿಡಿಯುತ್ತಿತ್ತು, ಟೈರಿನ ಹಾಡು ಕೂಡ ಕಡಿಮೆಯಾಗಿತ್ತು. ಆದರೆ ಕಣ್ಣು ಮೋಸ ಮಾಡುತ್ತದೆ, ಗೇಜ್ ಮಾಡುವುದಿಲ್ಲ. ಮೂವತ್ತೆರಡು ಸಾವಿರಕ್ಕೆ ಮುಂದಿನ ಎಡಗಡೆಯ ಟೈರು ಆರೂವರೆ ತೋರಿಸಿತು. ಈ ಬೆಟ್ಟದ ತೇವಕ್ಕೆ ರಬ್ಬರ್ ಊದಿಕೊಳ್ಳುತ್ತಿರಬಹುದು ಎಂದು ಟೈರ್ ಕಂಪನಿಗೆ ಎರಡು ಪುಟದ ಪತ್ರ ಬರೆದೆ, ಒಳ್ಳೆಯ ಇಂಗ್ಲಿಷಿನಲ್ಲಿ. ದಯವಿಟ್ಟು ಗೇಜ್ ಬದಲಾಯಿಸಿ ಎಂದು ಒಂದು ಸಾಲಿನ ಉತ್ತರ ಬಂತು. ಬದಲಾಯಿಸಿದೆ. ಹೊಸ ಗೇಜೂ ಆರೂವರೆ ಎಂದಿತು.

ನಾನು ಯಾರನ್ನೂ ಸುಲಭವಾಗಿ ಹೊಗಳುವವನಲ್ಲ. ಆದರೂ ಅವತ್ತು ಡ್ರೈವರನನ್ನು ಕರೆದು, ನಿನ್ನ ಕೈಯಲ್ಲಿ ಟೈರು ಸವೆಯುವುದಿರಲಿ, ಬೆಳೆಯುತ್ತಿದೆ ಎಂದೆ. ಅವನು ತಲೆ ತಗ್ಗಿಸಿ ಹೇಳಿದ: "ಇನ್ನು ಮೇಲೆ ಸ್ವಲ್ಪ ಕಡಿಮೆ ಬೆಳೆಸ್ತೀನಿ ಸಾರ್."

೫. ತೀರ್ಪು

ಮೂವತ್ತಾರು ಸಾವಿರ ದಾಟಿದಾಗ, ಸ್ಟಿಯರಿಂಗ್ ಒಂದು ಕಡೆ ಎಳೆಯುತ್ತದೆಂದು ಗೂಡಲೂರಿಗೆ ಒಯ್ದೆವು. ಅಂಗಡಿಯವನು ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ಬೆರಳಿನಿಂದ ಟೈರನ್ನು ಸುತ್ತಲೂ ಸವರುತ್ತ ಬಂದ. ಹಳದಿ ಚುಕ್ಕೆಯ ಹತ್ತಿರ ಬೆರಳು ನಿಂತಿತು. ಕನ್ನಡಕ ಹಾಕಿ ನೋಡಿದ. ಎರಡನೆಯ ಟೈರು, ಮೂರನೆಯದು, ನಾಲ್ಕನೆಯದು.

"ಸಾರೇ, ಇದನ್ನು ಕೊಯ್ದಿದ್ದು ಯಾರು?"

ನಾನು ಬಗ್ಗಿ ನೋಡಿದೆ. ಇಡೀ ಟೈರಿನಲ್ಲಿ ಬಟನ್ ಎರಡು ಮಿಲಿಮೀಟರೂ ಇರಲಿಲ್ಲ. ಚುಕ್ಕೆಯ ಪಕ್ಕದಲ್ಲಿ ಮಾತ್ರ, ಒಂದು ಬೆರಳುದ್ದ, ಬಾವಿಯಂತೆ ಆಳ. ಟೀ ಗಿಡ ಸವರುವ ಕತ್ತಿಯ ತುದಿಯನ್ನು ಒಲೆಯಲ್ಲಿ ಕಾಯಿಸಿ, ಶನಿವಾರ ಶನಿವಾರ, ತಾನೇ ಕೊಯ್ಯುತ್ತಿದ್ದೆನೆಂದು ನಮ್ಮ ಡ್ರೈವರ್ ಒಪ್ಪಿಕೊಂಡ. ನಮ್ಮ ಬಂಡಿಯ ಬೆಂಚಿಗಿಂತ ನುಣ್ಣಗಿದ್ದ ಆ ಟೈರುಗಳ ಮೇಲೆ ನಾನು ಎಷ್ಟು ಜನರನ್ನು ಘಾಟಿ ಇಳಿಸಿದ್ದೆ ಎಂದು ನೆನೆದು ಅಲ್ಲೇ ಒಂದು ಹಳೆಯ ಟೈರಿನ ಮೇಲೆ ಕೂತುಬಿಟ್ಟೆ. ಅಂಗಡಿಯವನು ಟೈರುಗಳನ್ನು ಬಿಚ್ಚಿ, ಒಳಗೆ ಹೊರಗೆ ಒತ್ತಿ ನೋಡಿ, ಕೊಯ್ತ ರಬ್ಬರಿನೊಳಗಿನ ನೂಲಿನವರೆಗೆ ಇಳಿದಿಲ್ಲ, ಕೂದಲೆಳೆಯಲ್ಲಿ ಉಳಿದಿದೆ ಎಂದಾಗಲೇ ನಾನು ಎದ್ದದ್ದು.

ಪಂಥದಲ್ಲಿ ನಾನು ಸೋತರೆ ನಿನಗೇ ಸುಖವಲ್ಲವೆ, ಯಾಕೆ ಹೀಗೆ ಮಾಡಿದೆ ಎಂದು ಡ್ರೈವರನನ್ನು ಕೇಳಿದೆ. ಅವನು ನನ್ನ ಮುಖ ನೋಡದೆ ಹೇಳಿದ, "ನೀವು ಮಾತು ನಿಲ್ಲಿಸಿದ್ರೆ ಕಲ್ಲಟ್ಟಿ ಇಳಿಸೋದು ಹೆಂಗೆ ಸಾರ್? ಸೆಕೆಂಡ್ ಗೇರ್ ಅಂತ ನೀವು ಅಂದ ಮೇಲೇ ನನ್ನ ಕೈ ಹೋಗೋದು."

ಕೆಲಸದಿಂದ ತೆಗೆಯಬೇಕೆಂದು ಸಿದ್ಧಪಡಿಸಿಕೊಂಡ ವಾಕ್ಯ ಅಲ್ಲಿಗೇ ನಿಂತಿತು. ಅಂಗಡಿಯವನು ಧಾರಾಳಿ. ತಾನು ಹೇಳಿದ್ದು ಇಪ್ಪತ್ತು, ಓಡಿದ್ದು ಮೂವತ್ತಾರು, ಇಬ್ಬರೂ ಅರ್ಧರ್ಧ ಸೋತಂತೆ ಎಂದ. ಅರ್ಧ ಸೋಲು ಎಂಬುದಿಲ್ಲ, ನಾಳೆಯಿಂದ ನನ್ನ ಬಾಯಿ ಮುಚ್ಚಿತು ಎಂದೆ. ಡ್ರೈವರ್ ಅಂಗಡಿಯವನನ್ನು ನೋಡಿದ ನೋಟ, ಮನೆ ಸುಟ್ಟವನನ್ನು ನೋಡುವಂತಿತ್ತು.

೬. ಮೂವತ್ತಾರು ತಿರುವು

ಮರುದಿನ ಹೊಸ ಸಾದಾ ಟೈರು, ಹಿಂದೆ ಚೆನ್ನೈಯ ಐದು ಜನ ಅತಿಥಿಗಳು, ಅವರಲ್ಲಿ ವಯಸ್ಸಾದ ಒಬ್ಬ ಡಾಕ್ಟರಮ್ಮ. ಕಲ್ಲಟ್ಟಿಯ ಮೂವತ್ತಾರು ತಿರುವುಗಳಲ್ಲಿ ಮೊದಲನೆಯದು ಬಂತು. ನಾನು ತುಟಿ ಬಿಗಿದು ಕೂತೆ. ಡ್ರೈವರ್ ರಸ್ತೆ ನೋಡುವ ಬದಲು ನನ್ನನ್ನು ನೋಡಿದ. ಗೇರ್ ತಡವಾಗಿ ಬಿತ್ತು, ಬಂಡಿ ನಡುರಸ್ತೆಗೆ ಹೋಗಿ ಬಂತು. ಎರಡನೆಯದರಲ್ಲಿ ಹಾರನ್ ಮರೆತ. ಮೂರನೆಯದರಲ್ಲಿ ಎದುರಿಗೆ ಬಂದ ಬಸ್ಸಿನವನು ನಮ್ಮಿಬ್ಬರ ಮನೆತನವನ್ನೂ ತಮಿಳಿನಲ್ಲಿ ವಿಚಾರಿಸಿದ. ನಾಲ್ಕನೆಯದಕ್ಕೆ ಮೊದಲು ಅವನು ಬಂಡಿ ಬದಿಗೆ ನಿಲ್ಲಿಸಿ, ಬೆವರು ಒರೆಸಿಕೊಂಡು, ಬೇಡುವ ದನಿಯಲ್ಲಿ ಹೇಳಿದ:

"ಸಾರ್, ಮಾತಾಡಬೇಡಿ. ಕೆಮ್ಮಿ, ಸಾಕು."

ನಾನು ಯೋಚಿಸಿದೆ. ಕೊಟ್ಟ ಮಾತು, ಒಂದು ಮಾತೂ ಆಡುವುದಿಲ್ಲ ಎಂದು. ಕೆಮ್ಮು ಮಾತಲ್ಲ. ಯಾವ ಕಡೆಯಿಂದ ನೋಡಿದರೂ ತಪ್ಪು ಕಾಣಲಿಲ್ಲ. ತಿರುವು ಹತ್ತಿರ ಬಂದಾಗ ಒಮ್ಮೆ ಕೆಮ್ಮಿದೆ. ಕೈ ತಾನಾಗಿ ಗೇರಿಗೆ ಹೋಯಿತು, ಬಂಡಿ ನೂಲು ಹಿಡಿದಂತೆ ತಿರುಗಿತು. ಹಾರನ್ನಿಗೆ ಸಣ್ಣ ಕೆಮ್ಮು, ಗೇರಿಗೆ ದೊಡ್ಡದು, ಎಡಕ್ಕೆ ಹಿಡಿಯಲು ಎರಡು. ಹತ್ತನೆಯ ತಿರುವಿನ ಹೊತ್ತಿಗೆ ಇಬ್ಬರಿಗೂ ರೂಢಿಯಾಗಿ, ಎಷ್ಟೋ ತಿಂಗಳ ಮೇಲೆ ನಾನು ನೆಮ್ಮದಿಯಿಂದ ಘಾಟಿ ಇಳಿದೆ. ಒಳ್ಳೆಯ ಟೈರು, ಎಚ್ಚರದ ಡ್ರೈವರ್, ಮುರಿಯದೆ ಉಳಿದ ಮಾತು.

ಮಸಿನಗುಡಿಯಲ್ಲಿ ಡಾಕ್ಟರಮ್ಮ ಇಳಿದವರೇ ನನ್ನ ಹತ್ತಿರ ಬಂದರು. ದಾರಿಯುದ್ದಕ್ಕೂ ಕೇಳುತ್ತಿದ್ದೆ, ಇದು ಸಣ್ಣ ಕೆಮ್ಮಲ್ಲ ಎಂದರು. ಬಾಯಿ ತೆಗೆಸಿ ಟಾರ್ಚ್ ಬಿಟ್ಟು ನೋಡಿದರು. ಗಂಟಲು ನಿಜವಾಗಿಯೂ ಕೆಂಪಾಗಿತ್ತು, ಅಷ್ಟು ಕೆಮ್ಮಿದರೆ ಇನ್ನೇನಾಗುತ್ತದೆ. ಸಿರಪ್ಪಿನ ಹೆಸರು ಬರೆದುಕೊಟ್ಟು, ಹತ್ತು ದಿನ ಈ ಕೆಮ್ಮು ಪೂರ್ತಿ ನಿಲ್ಲಬೇಕು, ಒಂದೇ ಒಂದು ಸಲವೂ ಕೆಮ್ಮದ ಹಾಗೆ ನೋಡಿಕೊಳ್ಳಿ ಎಂದು ಡ್ರೈವರನಿಗೇ ಕಟ್ಟಪ್ಪಣೆ ಮಾಡಿದರು.

ಅವನು ಕೈ ಮುಗಿದು ನಿಂತ.

"ಡಾಕ್ಟರಮ್ಮಾ, ಹತ್ತು ದಿನ ನಾಳೆಯಿಂದ ಶುರು ಮಾಡಿ. ಇವತ್ತು ಇನ್ನೂ ವಾಪಸ್ ಘಾಟಿ ಹತ್ತಬೇಕು."