ಭಾನುವಾರ ನೀರು ಕುಡಿಯದ ಮರಗಳ ಪರವಾಗಿ

ಇವರಿಗೆ,
ಮಾನ್ಯ ಮುಖ್ಯಾಧಿಕಾರಿಗಳು,
ಆವರಣ ಮತ್ತು ಕಟ್ಟಡ ನಿರ್ವಹಣಾ ವಿಭಾಗ,
ನೆಲಮಹಡಿ, ಮುರಿದ ಕುರ್ಚಿಗಳನ್ನು ಒಟ್ಟಿರುವ ಕೋಣೆಯ ಎದುರು.

ವಿಷಯ: ತಾವು ನನ್ನ ಸಂಶೋಧನಾ ಲೇಖನವನ್ನು ನಂಬಿದ್ದರ ವಿರುದ್ಧ ದೂರು.

ಮಾನ್ಯರೇ,

ತಮಗೂ, ತಮ್ಮ ಮೇಜಿನ ಮೇಲೆ ಸಾಲಾಗಿ ಕುಳಿತಿರುವ ನಾಲ್ಕು ಮೊಹರುಗಳಿಗೂ, ಅವುಗಳಿಗೆ ಎಂದೂ ಒಣಗದಂತೆ ಶಾಯಿ ಒದಗಿಸುತ್ತಿರುವ ತಮ್ಮ ಗುಮಾಸ್ತರಿಗೂ ಅಂತರ್ಜಲ ವಿಭಾಗದ ಮೂರನೆಯ ಮಹಡಿಯಿಂದ ಈ ಪ್ರಾಧ್ಯಾಪಕನ ಅನಂತ ನಮಸ್ಕಾರಗಳು. ಇಪ್ಪತ್ತಾರು ವರ್ಷಗಳಿಂದ ನೆಲದಡಿಯ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಲೆಕ್ಕ ಹಾಕುತ್ತಾ ನಲವತ್ತೊಂದು ಲೇಖನಗಳನ್ನು ಪ್ರಕಟಿಸಿದ ನನಗೆ, ಅವುಗಳನ್ನು ಓದಿದವರು ಯಾರು ಎಂಬುದು ಮಾತ್ರ ಇದುವರೆಗೆ ತಿಳಿದಿರಲಿಲ್ಲ. ಪರಿಶೀಲಕರಲ್ಲಿ ಒಬ್ಬರು ತಮ್ಮ ಹೆಸರು ಉಲ್ಲೇಖಗಳಲ್ಲಿ ಬಂದಿದೆಯೇ ಎಂದು ನೋಡಿ ಒಪ್ಪಿಗೆ ಕೊಡುವವರು, ನನ್ನ ಹೆಂಡತಿ ಒಂದೇ ಒಂದು ಲೇಖನದ ಶೀರ್ಷಿಕೆಯನ್ನು ಅರ್ಧದವರೆಗೆ ಓದಿ "ಇದಿನ್ನೂ ಇದೆಯಾ?" ಎಂದು ಕೇಳಿ ಕನ್ನಡಕ ತೆಗೆದಿಟ್ಟವಳು. ಹೀಗಿರುವಾಗ ತಾವು ನನ್ನ ಲೇಖನವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ತಮ್ಮ ಆದೇಶದಲ್ಲಿ "ಉಲ್ಲೇಖ ಒಂದು" ಎಂದು ನಮೂದಿಸಿದ್ದನ್ನು ಕಂಡು ನನ್ನ ಎದೆ ತುಂಬಿ ಬಂತು. ಆ ಆದೇಶದ ಪ್ರತಿಯನ್ನು ಹಿಡಿದುಕೊಂಡು ಕಾರಿಡಾರಿನಲ್ಲಿ ಎರಡು ಸಲ ಸುಮ್ಮಸುಮ್ಮನೆ ಓಡಾಡಿದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಆಮೇಲೆ ಅದರ ಎರಡನೆಯ ಪ್ಯಾರಾ ಓದಿದೆ.

ನಮ್ಮ ವಿಭಾಗದ ಹಿಂದಿರುವ ಹದಿನೆಂಟು ಮರಗಳು ದಿನಂಪ್ರತಿ ಅಪಾರ ಅಂತರ್ಜಲವನ್ನು ಹೀರುತ್ತಿವೆ ಎಂದು ಪ್ರಾಧ್ಯಾಪಕರ ಸಂಶೋಧನೆಯಿಂದ ಸಾಬೀತಾಗಿರುವುದರಿಂದ, ಜಲಸಂರಕ್ಷಣೆಯ ಹಿತದೃಷ್ಟಿಯಿಂದ ಅವುಗಳನ್ನು ಬರುವ ಬುಧವಾರ ಕಡಿಯತಕ್ಕದ್ದೆಂದೂ, ತೆರವಾದ ಜಾಗದಲ್ಲಿ ಕಾಂಕ್ರೀಟು ಹಾಸಿ ನಲವತ್ತು ಕಾರುಗಳಿಗೆ ನಿಲುಗಡೆ ಕಲ್ಪಿಸತಕ್ಕದ್ದೆಂದೂ ತಾವು ಅಪ್ಪಣೆ ಕೊಡಿಸಿದ್ದೀರಿ. ಮರಗಳಿಗೆ ಸುಣ್ಣದ ಪಟ್ಟಿ ಬಳಿದು ನಂಬರನ್ನೂ ಬರೆಸಿದ್ದೀರಿ. ಒಬ್ಬ ವಿಜ್ಞಾನಿಯ ಮಾತನ್ನು ಇಷ್ಟು ಬೇಗ ಕಾರ್ಯರೂಪಕ್ಕೆ ತಂದ ಅಧಿಕಾರಿಯನ್ನು ನಾನು ಕಂಡಿಲ್ಲ. ಆದ್ದರಿಂದಲೇ ಈ ಪತ್ರವನ್ನು ಅತ್ಯಂತ ನಾಚಿಕೆಯಿಂದ, ಎಲ್ಲ ಸೂಚನಾ ಫಲಕಗಳಿಗೂ ಅಂಟಿಸುವಂತೆ ಬಹಿರಂಗವಾಗಿ ಬರೆಯುತ್ತಿದ್ದೇನೆ: ಆ ಲೇಖನ ತಪ್ಪು.

ತಪ್ಪು ಹೇಗಾಯಿತೆಂದು ವಿವರಿಸುವುದು ನನ್ನ ಕರ್ತವ್ಯ. ವಿಭಾಗದ ಹಿಂದೆ, ಆ ಮರಗಳ ನಡುವೆ, ಎರಡು ಮೀಟರ್ ಅಗಲದ ಹಳೆಯ ತೆರೆದ ಬಾವಿಯೊಂದಿದೆ. ಅದರೊಳಗೆ ಗಂಟೆಗೊಮ್ಮೆ ನೀರಿನ ಮಟ್ಟವನ್ನು ಬರೆದಿಡುವ ಯಂತ್ರವೊಂದನ್ನು ಒಂಬತ್ತು ವರ್ಷಗಳ ಹಿಂದೆ ಇಳಿಬಿಟ್ಟೆ. ಪ್ರತಿದಿನ ಬೆಳಗ್ಗೆ ಆರರಿಂದ ಏಳರ ನಡುವೆ ನೀರು ಸುಮಾರು ಆರು ಸೆಂಟಿಮೀಟರ್ ಇಳಿಯುತ್ತಿತ್ತು, ಸಂಜೆಯ ಹೊತ್ತಿಗೆ ಮೆಲ್ಲಗೆ ಮೊದಲಿನ ಮಟ್ಟಕ್ಕೆ ಬರುತ್ತಿತ್ತು. ಸೂರ್ಯ ಹುಟ್ಟುತ್ತಲೇ ಮರಗಳು ನೀರು ಹೀರತೊಡಗುತ್ತವೆ ಎಂಬುದು ಪುಸ್ತಕದಲ್ಲಿರುವ ಸಂಗತಿ. ಮಳೆಗಾಲದಲ್ಲಿ ಈ ಇಳಿತ ಮಾಯವಾಗುತ್ತಿತ್ತು, ಮೋಡ ಕವಿದಾಗ ಮರಗಳು ಕಡಿಮೆ ಕುಡಿಯುತ್ತವೆ ಎಂಬುದೂ ಪುಸ್ತಕದಲ್ಲಿದೆ. ಇನ್ನೇನು ಬೇಕು? ಕಂಪ್ಯೂಟರಿನಲ್ಲಿ ಇಡೀ ಆವರಣದ ನೆಲವನ್ನು ಹತ್ತು ಮೀಟರಿನ ಚೌಕಗಳಾಗಿ ಕತ್ತರಿಸಿ ಮಾದರಿ ಕಟ್ಟಿದೆ, ಮರಗಳ ಬಾಯಾರಿಕೆಯನ್ನು ಹೆಚ್ಚಿಸುತ್ತಾ ಹೋದೆ, ಮಾದರಿಯ ಗೆರೆ ಬಾವಿಯ ಗೆರೆಯ ಮೇಲೆ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಬಂದು ಕುಳಿತ ದಿನ ವಿಭಾಗದವರಿಗೆಲ್ಲ ಕಾಫಿ ಕೊಡಿಸಿದೆ. ನಮ್ಮ ವೃತ್ತಿಯಲ್ಲಿ ಇದಕ್ಕೆ ಹೊಂದಾಣಿಕೆ ಎನ್ನುತ್ತಾರೆ. ಸಂಖ್ಯೆಯನ್ನು ಸಾಕಷ್ಟು ತಿರುಚಿದರೆ ಮಾದರಿ ಯಾವುದಕ್ಕೂ ಹೊಂದಿಕೊಳ್ಳುತ್ತದೆ, ಅಷ್ಟು ಒಳ್ಳೆಯ ಸ್ವಭಾವ ಅದರದು.

ಒಂದೇ ಒಂದು ತೊಂದರೆಯಿತ್ತು. ಭಾನುವಾರಗಳಂದು ನೀರು ಇಳಿಯುತ್ತಿರಲಿಲ್ಲ. ಸಾಮಾನ್ಯ ಬುದ್ಧಿಯವರು ಇಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತಿದ್ದರು. ನಾನು ಸಂಶೋಧಕನಾದ್ದರಿಂದ ಅದಕ್ಕೊಂದು ಹೆಸರಿಟ್ಟೆ. "ಸಸ್ಯಗಳ ಸಾಪ್ತಾಹಿಕ ವಿಶ್ರಾಂತಿ ಲಯ" ಎಂಬ ಆ ಹೆಸರನ್ನು ಎರಡು ವಿಚಾರಸಂಕಿರಣಗಳಲ್ಲಿ ಬಳಸಿದಾಗ ಸಭಿಕರು ತಲೆದೂಗಿದರು. ಒಬ್ಬ ಹಿರಿಯರು ತಮ್ಮ ಊರಿನ ಮರಗಳು ಶನಿವಾರವೂ ಮಧ್ಯಾಹ್ನದ ಮೇಲೆ ಸ್ವಲ್ಪ ಸಡಿಲವಾಗಿರುತ್ತವೆ ಎಂದು ಎದ್ದು ನಿಂತು ಬೆಂಬಲಿಸಿದರು.

ನನ್ನ ಬಳಿ ಸಂಶೋಧನೆ ಮಾಡುವ ಹುಡುಗಿಯೊಬ್ಬಳಿದ್ದಾಳೆ. ಏನು ಹೇಳಿದರೂ "ಯಾಕೆ ಸಾರ್?" ಎನ್ನುವುದರಿಂದ ವಿಭಾಗದಲ್ಲಿ ಎಲ್ಲರೂ ಅವಳನ್ನು ಯಾಕಮ್ಮ ಎಂದೇ ಕರೆಯುತ್ತಾರೆ. ತಮ್ಮ ಆದೇಶ ಬಂದ ಮೇಲೆ ಈ ಯಾಕಮ್ಮ ನನ್ನ ಲೇಖನದ ಸಂಖ್ಯೆಯನ್ನು ತೆಗೆದುಕೊಂಡು ಒಂದು ಭಾಗಾಕಾರ ಮಾಡಿದಳು. ಆವರಣದ ಮರಗಳು ದಿನಕ್ಕೆ ಮೂರು ಮಿಲಿಮೀಟರ್ ನೀರು ಹೀರುತ್ತವೆ ಎಂದು ನಾನು ಬರೆದಿದ್ದೆ. ಮಿಲಿಮೀಟರಿನಲ್ಲಿ ಬರೆದರೆ ಎಂಥ ಸಂಖ್ಯೆಯೂ ಮರ್ಯಾದಸ್ಥವಾಗಿ ಕಾಣುತ್ತದೆ. ಅದನ್ನು ಅವಳು ಆವರಣದ ವಿಸ್ತೀರ್ಣದಿಂದ ಗುಣಿಸಿ, ಅಲ್ಲಿರುವುದೇ ಹದಿನೆಂಟು ಮರಗಳಾದ್ದರಿಂದ ಹದಿನೆಂಟರಿಂದ ಭಾಗಿಸಿದಾಗ ಒಂದೊಂದು ಮರಕ್ಕೂ ದಿನಕ್ಕೆ ಆರು ಸಾವಿರದ ಆರುನೂರು ಲೀಟರ್, ಅಂದರೆ ಮರಕ್ಕೊಂದು ಟ್ಯಾಂಕರ್ ಲಾರಿ ಎಂದು ಲೆಕ್ಕ ಬಂತು. ನಾನು ಅದೇ ಭಾಗಾಕಾರವನ್ನು ಬೋರ್ಡಿನ ಮೇಲೆ ಇನ್ನೆರಡು ಸಲ ಮಾಡಿ ನೋಡಿದೆ. ಆಮೇಲೆ ಅವಳು ಬ್ಯಾಗಿನಿಂದ ಇನ್ನೊಂದು ಹಾಳೆ ತೆಗೆದಳು. ನನಗೆ ಹೇಳದೆ ಯಂತ್ರವನ್ನು ನಿಮಿಷಕ್ಕೊಮ್ಮೆ ಅಳೆಯುವಂತೆ ಬದಲಾಯಿಸಿದ್ದಳು. ಹಾಳೆಯ ಮೇಲೆ ಬೆಳಗಿನ ಇಳಿತ ನುಣುಪಾದ ಗೆರೆಯಾಗಿರಲಿಲ್ಲ, ಮೆಟ್ಟಿಲುಗಳಾಗಿತ್ತು. "ಸಾರ್, ಮರ ಗುಟುಕು ಗುಟುಕಾಗಿ ಕುಡಿಯುತ್ತಾ? ಅದೂ ದಿನಾ ಲೆಕ್ಕವಿಟ್ಟ ಹಾಗೆ ಹನ್ನೆರಡೇ ಗುಟುಕು?" ಎಂದು ಕೇಳಿದಳು. ಆ ಹಾಳೆಯನ್ನು ಮೂರು ವಾರದಿಂದ ಬ್ಯಾಗಿನಲ್ಲೇ ಇಟ್ಟುಕೊಂಡು, ತೋರಿಸಲು ಹೆದರಿ ಓಡಾಡುತ್ತಿದ್ದಳೆಂದು ಆಮೇಲೆ ತಿಳಿಯಿತು. ಲೇಖನ ತಪ್ಪಾದದ್ದಕ್ಕಿಂತ ಆ ಮೂರು ವಾರ ನನಗೆ ಹೆಚ್ಚು ನೋವು ಕೊಟ್ಟಿತು.

ಮರುದಿನ ಬೆಳಗ್ಗೆ, ವೃತ್ತಿಜೀವನದಲ್ಲಿ ಮೊದಲ ಬಾರಿಗೆ, ಆರು ಗಂಟೆಗೆ ಬಾವಿಯ ಬಳಿಗೆ ಹೋದೆ. ನಮ್ಮ ಕಟ್ಟಡ ಗುಡಿಸುವ ಗಿಡದಕ್ಕ ಬಾವಿಕಟ್ಟೆಯ ಮೇಲೆ ಒಂದು ಕಾಲಿಟ್ಟು ನೀರು ಸೇದುತ್ತಿದ್ದರು. ಕೆಲಸಕ್ಕೆ ಸೇರಿದಂದಿನಿಂದ ಕಟ್ಟಡದ ಮುಂದಿನ ಮೆಟ್ಟಿಲುಗಳ ಎರಡೂ ಕಡೆ ಕುಂಡಗಳನ್ನಿಟ್ಟು ಬೆಳೆಸಿರುವುದರಿಂದ ಅವರಿಗೆ ಆ ಹೆಸರು. ಆ ಕುಂಡಗಳಿಗೆ ದಿನಕ್ಕೆ ಹನ್ನೆರಡು ಬಕೆಟ್ ನೀರು ಬೇಕು, ಭಾನುವಾರ ಅವರಿಗೆ ರಜೆ, ಮಳೆಗಾಲದಲ್ಲಿ ಕುಂಡಗಳಿಗೆ ನೀರು ಬೇಕಿಲ್ಲ. ನನ್ನ ಮುಖ ನೋಡಿ ಅವರು ಗಾಬರಿಯಾಗಿ, "ನಿಮ್ಮ ಡಬ್ಬಿಗೆ ಏಟು ತಾಗಬಾರದು ಅಂತ ಈ ಕಡೆಯಿಂದಲೇ ಸೇದ್ತೀನಿ ಸಾರ್, ಒಂದು ದಿನವೂ ಅದಕ್ಕೆ ಬಕೆಟ್ ತಗುಲಿಸಿಲ್ಲ" ಎಂದರು. ನೀರು ಸೇದಲು ನಿಮಗೆ ಯಾರು ಹೇಳಿದರು ಎಂದು ಕೇಳಿದೆ. "ನೀವೇ ಅಲ್ವಾ ಸಾರ್? ಡಬ್ಬಿ ಇಟ್ಟ ಹೊಸದರಲ್ಲಿ ನಿಮ್ಮ ರೂಮಿಗೆ ಬಂದು, ಇನ್ಮೇಲೂ ಸೇದಬಹುದಾ ಅಂತ ಕೇಳಿದ್ದೆ. ಕಂಪ್ಯೂಟರ್ ನೋಡ್ತಾ ಇದ್ರಿ. ಬೇಕಾದಷ್ಟು ಸೇದಿಕೊಳ್ಳಮ್ಮ, ಈಗ ತೊಂದರೆ ಕೊಡಬೇಡ, ಬೆಳಗ್ಗೆ ಈ ನೀರು ಎಲ್ಲಿಗೆ ಹೋಗುತ್ತೆ ಅಂತ ಹುಡುಕ್ತಾ ಇದ್ದೀನಿ ಅಂದ್ರಿ" ಎಂದರು.

ಮಾನ್ಯರೇ, ನಾನು ಬಾವಿಕಟ್ಟೆಯ ಮೇಲೆ ಕುಳಿತು ನಗತೊಡಗಿದೆ. ಗಿಡದಕ್ಕ ಮೊದಲು ಹೆದರಿದರು, ಆಮೇಲೆ ಅವರಿಗೂ ನಗು ತಡೆಯಲಾಗಲಿಲ್ಲ. ಅವರು ಸೇದಿದ ನೂರೆಂಬತ್ತು ಲೀಟರ್ ನೀರನ್ನು ನಾನು ಇಡೀ ಆವರಣದ ನೆಲದಡಿಗೆ ಹಾಸಿ, ದಿನಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ ಲೀಟರ್ ಮಾಡಿ, ಹದಿನೆಂಟು ಬಾಯಿಲ್ಲದ ಜೀವಗಳ ತಲೆಗೆ ಕಟ್ಟಿದ್ದೆ. ಮನೆಗೆ ಹೋಗಿ ಹೆಂಡತಿಗೆ ಹೇಳಿದಾಗ ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ, "ಒಂಬತ್ತು ವರ್ಷ ಬಾವಿಯೊಳಗೇ ಇಣುಕಿದ್ರಿ, ಒಂದು ಸಲ ತಲೆಯೆತ್ತಿ ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡಬಾರದಿತ್ತಾ?" ಎಂದಳು. ನನ್ನ ಕೃತಿಗಳ ಬಗ್ಗೆ ಬಂದಿರುವ ವಿಮರ್ಶೆಗಳಲ್ಲಿ ಇದೇ ಅತ್ಯುತ್ತಮವಾದದ್ದು.

ಮರುದಿನವೇ ನಾನು ತಮ್ಮ ಕಚೇರಿಗೆ ಬಂದು ಲೇಖನ ತಪ್ಪೆಂದು ಅರಿಕೆ ಮಾಡಿಕೊಂಡೆ. ತಾವು ಕುರ್ಚಿ ಕೊಟ್ಟು, ನೀರು ತರಿಸಿ, "ನೀವು ದೊಡ್ಡವರು ಸಾರ್, ವಿನಯದಿಂದ ಹಾಗಂತೀರಿ. ಪ್ರೊಫೆಸರ್ ಬರೆದದ್ದನ್ನ ತಪ್ಪು ಅನ್ನೋಕೆ ತಜ್ಞರ ಅಭಿಪ್ರಾಯ ಬೇಕಾಗುತ್ತೆ" ಎಂದಿರಿ. ತಮ್ಮ ತಜ್ಞರ ಪಟ್ಟಿಯಲ್ಲಿ ಅಂತರ್ಜಲಕ್ಕೆ ಇರುವುದು ಒಂದೇ ಹೆಸರು, ಅದು ನನ್ನದು. ಹಾಗಾಗಿ ನನ್ನ ದೂರು ಸರಿಯೇ ಎಂದು ಕೇಳುವ ಕಡತ ನನ್ನ ಮೇಜಿಗೇ ಬಂತು. ದೂರುದಾರರು ಹೇಳುವುದು ನೂರಕ್ಕೆ ನೂರು ಸತ್ಯ, ಲೇಖಕರು ಕಣ್ಣಿದ್ದೂ ಕಾಣದವರು ಎಂದು ಷರಾ ಬರೆದು ಕಳುಹಿಸಿದೆ. ತಜ್ಞರಿಗೂ ದೂರುದಾರರಿಗೂ ನಿಕಟ ಸಂಬಂಧವಿರುವಂತೆ ತೋರುವುದರಿಂದ ಈ ಅಭಿಪ್ರಾಯವನ್ನು ಪರಿಗಣಿಸಲಾಗದು ಎಂಬ ತಮ್ಮ ಉತ್ತರ ತಲುಪಿತು. ಲೇಖನ ಪ್ರಕಟವಾಗಿ ಉಳಿದಿರುವವರೆಗೆ ಅದು ಆಧಾರವೇ ಎಂದು ಕೊನೆಯಲ್ಲಿ ಹಸಿರು ಶಾಯಿಯಲ್ಲಿ ಬರೆದಿದ್ದಿರಿ. ಇಷ್ಟು ಅಚ್ಚುಕಟ್ಟಾದ ತರ್ಕವನ್ನು ನಾನು ನನ್ನ ವಿದ್ಯಾರ್ಥಿಗಳಿಂದಲೂ ನಿರೀಕ್ಷಿಸುವುದಿಲ್ಲ.

ಈಗ ನಾನು ನನ್ನ ಸಂಕಟವನ್ನೂ ಹೇಳಬೇಕು. ಮುಂದಿನ ತಿಂಗಳು ಹಿರಿಯ ಪ್ರಾಧ್ಯಾಪಕ ಹುದ್ದೆಗೆ ನನ್ನ ಸಂದರ್ಶನವಿದೆ. ನಿವೃತ್ತಿಗೆ ಎರಡೇ ವರ್ಷ ಉಳಿದಿರುವುದರಿಂದ ಇನ್ನೊಂದು ಅವಕಾಶ ಬಾರದು. ಅರ್ಜಿಯ ಮೊದಲ ಸಾಲಿನಲ್ಲಿರುವುದು ಇದೇ ಲೇಖನ, ಉಳಿದ ನಲವತ್ತು ಅದರ ಹಿಂದೆ ಬೆನ್ನು ಬಗ್ಗಿಸಿ ನಿಂತಿವೆ. ಬುಧವಾರ ಕಳೆಯುವವರೆಗೆ ಸುಮ್ಮನಿದ್ದರೆ ಯಾರೂ ಕೇಳುವವರಿರಲಿಲ್ಲ. ಯಾಕಮ್ಮನೂ ಸುಮ್ಮನಿರುತ್ತಿದ್ದಳೇನೋ, ಅವಳಿಗೂ ಪದವಿ ಬೇಕಲ್ಲ. ತಮ್ಮ ಉತ್ತರ ಬಂದ ಮೇಲೆ ಹಾಗೆ ಸುಮ್ಮನಿದ್ದುಬಿಡುವ ಆಸೆ ನನಗೆ ಎರಡು ದಿನ ಇತ್ತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಆಮೇಲೆ, ನಾನು ಸುಮ್ಮನಿದ್ದರೆ ಅವಳು ಕಲಿಯುವ ಪಾಠ ಅದೊಂದೇ ಆಗುತ್ತದೆ ಎಂದು ಹೊಳೆಯಿತು, ಆಸೆ ಬಿಟ್ಟುಹೋಯಿತು. ಲೇಖನವನ್ನು ಹಿಂಪಡೆಯುವುದಾಗಿ ಪತ್ರಿಕೆಯ ಸಂಪಾದಕರಿಗೆ ಸೋಮವಾರ ಬರೆದೆ. ತಪ್ಪು ಕಂಡುಹಿಡಿದವರು ಯಾರೆಂದು ತಿಳಿಸುವ ಕಡೆ ಯಾಕಮ್ಮನ ಪೂರ್ತಿ ಹೆಸರು ಬರೆದೆ. ಇಂದು ಬೆಳಗ್ಗೆ ಪತ್ರಿಕೆಯವರು ಲೇಖನದ ಪುಟಪುಟಕ್ಕೂ ಅಡ್ಡಲಾಗಿ "ಹಿಂಪಡೆಯಲಾಗಿದೆ" ಎಂದು ಕೆಂಪಕ್ಷರದಲ್ಲಿ ಹೊಡೆದಿದ್ದಾರೆ. ಸಂದರ್ಶನಕ್ಕೆ ಹೋಗುತ್ತೇನೆ, ಆದರೆ ಮೊದಲ ಸಾಲು ಖಾಲಿ ಬಿಟ್ಟುಕೊಂಡು. ವಿಚಿತ್ರವೆಂದರೆ ಇಪ್ಪತ್ತಾರು ವರ್ಷಗಳಲ್ಲಿ ಇಷ್ಟು ಹಗುರವಾಗಿ ನಾನು ಮೂರು ಮಹಡಿ ಹತ್ತಿದ್ದಿಲ್ಲ.

ಹೀಗೆ ತಮ್ಮ ಆದೇಶದ "ಉಲ್ಲೇಖ ಒಂದು" ಈಗ ಶೂನ್ಯವಾಗಿದೆ. ಇಷ್ಟರ ಮೇಲೂ ಬುಧವಾರದ ಕಾರ್ಯಕ್ರಮ ನಡೆಯಲೇಬೇಕೆಂದಾದರೆ, ಮೊದಲು ಆ ಹದಿನೆಂಟು ಮರಗಳಿಗೂ ಪ್ರತ್ಯೇಕವಾಗಿ ಕಾರಣ ಕೇಳುವ ನೋಟಿಸು ಜಾರಿ ಮಾಡಿ, ಅವು ತಂತಮ್ಮ ಪಾಲಿನ ಟ್ಯಾಂಕರ್ ನೀರನ್ನು ಇಷ್ಟು ವರ್ಷ ಏಕೆ ಕುಡಿಯಲಿಲ್ಲವೆಂದು ವಿಚಾರಿಸಿಕೊಳ್ಳಬೇಕಾಗಿ ಕೋರುತ್ತೇನೆ. ನನ್ನನ್ನು ನಂಬುವ ಅಭ್ಯಾಸ ತಮಗೆ ಅಷ್ಟು ಗಟ್ಟಿಯಾಗಿ ಅಂಟಿಕೊಂಡಿದ್ದರೆ, ಅದೇ ಲೇಖಕನ ಹತ್ತೊಂಬತ್ತನೆಯ ಲೇಖನವನ್ನೂ ದಯವಿಟ್ಟು ನಂಬಬೇಕು. ನೆಲಕ್ಕೆ ಕಾಂಕ್ರೀಟು ಹಾಸಿದರೆ ಮಳೆನೀರು ಕೆಳಗಿಳಿಯದೆ ಬಾವಿ ಬತ್ತುತ್ತದೆ ಎಂದು ಅದರಲ್ಲಿದೆ, ಅದನ್ನು ಇದುವರೆಗೆ ಯಾರೂ ಓದಿಲ್ಲವಾದ್ದರಿಂದ ಹೊಚ್ಚಹೊಸದಾಗಿಯೇ ಇದೆ. ಗಿಡದಕ್ಕನಿಗೆ ಸಹಪ್ರಾಧ್ಯಾಪಕರ ಹುದ್ದೆ ಕೊಡಿಸಲು ತಮಗೆ ಅಧಿಕಾರವಿದ್ದರೆ ಅದನ್ನೂ ಬಳಸಬಹುದು, ಒಂಬತ್ತು ವರ್ಷ, ಭಾನುವಾರ ಮತ್ತು ಮಳೆಗಾಲ ಬಿಟ್ಟರೆ ಒಂದು ದಿನವೂ ತಪ್ಪದೆ, ಇಷ್ಟು ಕರಾರುವಾಕ್ಕಾದ ಪ್ರಯೋಗವನ್ನು ನಮ್ಮ ವಿಭಾಗದಲ್ಲಿ ಬೇರೆ ಯಾರೂ ನಡೆಸಿಲ್ಲ. ತಮ್ಮ ಗೋಡೆಯ ಮೇಲೆ ಗಾಜು ಹಾಕಿಸಿ ತೂಗಿರುವ "ಹಸಿರು ಆವರಣ" ಪ್ರಶಸ್ತಿಯ ಛಾಯಾಚಿತ್ರದಲ್ಲಿ ಕಾಣುವುದೂ ಅವರ ಕುಂಡಗಳೇ. ಚಿತ್ರ ತೆಗೆಯುವಾಗ ಅವರನ್ನು ಪಕ್ಕಕ್ಕೆ ಸರಿಯಲು ಹೇಳಲಾಗಿತ್ತಂತೆ.

ಇದೆಲ್ಲ ಆಗದಿದ್ದರೆ ಒಂದೇ ಒಂದು ಸಹಿ ಸಾಕು. ಹಿಂದಿನ ಆದೇಶವನ್ನು ರದ್ದುಪಡಿಸಿದೆ ಎಂದು ಎರಡು ಸಾಲು ಬರೆದು, ನಾಲ್ಕು ಮೊಹರುಗಳಲ್ಲಿ ತಮಗೆ ಪ್ರಿಯವಾದದ್ದನ್ನು ಒತ್ತಿಬಿಡಿ. ಯಾಕಮ್ಮ ಮತ್ತು ನಾನು ಬುಧವಾರ ಬೆಳಗ್ಗೆ ಆರಕ್ಕೇ ಬಾವಿಕಟ್ಟೆಯ ಮೇಲೆ ಕುಳಿತಿರುತ್ತೇವೆ. ಹನ್ನೆರಡು ಬಕೆಟ್ ಸೇದುವುದು ಬೆನ್ನು ಮುರಿಯುವ ಕೆಲಸವಾದ್ದರಿಂದ ಅಂದು ಆರು ನನ್ನ ಪಾಲಿಗಿವೆ. ಆದೇಶದ ಪ್ರತಿಯನ್ನು ಅಲ್ಲಿಗೇ ಕಳುಹಿಸಿದರೆ ಸಾಕು.

ತಮ್ಮ ಮೇಲೆ ಬೇಕಾದಷ್ಟು ವಿಶ್ವಾಸವನ್ನೂ, ತಾವು ನನ್ನ ಮೇಲಿಟ್ಟ ವಿಶ್ವಾಸದ ಬಗ್ಗೆ ಅಪಾರ ಭಯವನ್ನೂ ಹೊಂದಿರುವ,

ತಮ್ಮ ವಿಶ್ವಾಸಿ,
ಅಂತರ್ಜಲ ವಿಭಾಗದ ಪ್ರಾಧ್ಯಾಪಕ (ಹಿರಿಯನಲ್ಲ, ಆಗುವ ಲಕ್ಷಣವೂ ಇಲ್ಲ)

ಮರೆತಿದ್ದ ಮಾತು: ಮರ ಕಡಿಯುವ ಗುತ್ತಿಗೆದಾರರು ನಿನ್ನೆ ಜಾಗ ನೋಡಲು ಬಂದಿದ್ದರು. ಏಳನೆಯ ನಂಬರಿನ ಮರದ ಕೆಳಗೆ ನಿಂತಿದ್ದ ಬೂದು ಬಣ್ಣದ ಕಾರನ್ನು ಬುಧವಾರದಿಂದ ಬೇರೆಡೆ ನಿಲ್ಲಿಸಬೇಕೆಂದು ಅದರ ಚಾಲಕನಿಗೆ ಹೇಳಿದಾಗ ಆತ ಕಂಗಾಲಾಗಿ, "ಅಯ್ಯೋ, ಹಾಗೆಲ್ಲ ಆಗಲ್ಲ, ನೆರಳಿಲ್ಲದ ಕಡೆ ನಿಲ್ಲಿಸಿದ್ರೆ ನಮ್ಮ ಮುಖ್ಯಾಧಿಕಾರಿ ಸಾಹೇಬ್ರು ಕೂಗಾಡ್ತಾರೆ" ಎಂದನು.