ತಪ್ಪು ಹಣೆಯದಲ್ಲ, ಬಾಗಿಲಿನದು!

ನಮ್ಮ ಕಾಕಾ ಜನ್ಮದಲ್ಲಿ ಯಾವ ಮನುಷ್ಯನ ಮೇಲೂ ತಪ್ಪು ಹೊರಿಸಿದವರಲ್ಲ. ವಸ್ತುಗಳೆಂದರೆ ಮಾತ್ರ ಮುಗಿಯಿತು. ಅವರ ಲೆಕ್ಕದಲ್ಲಿ ಬಕೀಟೂ ಆರೋಪಿ, ಚಮಚವೂ ಆರೋಪಿ!

ಸೇಡಂನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದ ಕಾಕಾ, ಎರಡು ಸಾವಿರದ ಇಸವಿಯ ಆಚೀಚೆ ಅದೇನೋ ತರಬೇತಿಗೆಂದು ಹೈದರಾಬಾದಿಗೆ ಹೋಗಿ 'ಯೂಸರ್ ಎಕ್ಸ್‌ಪೀರಿಯನ್ಸ್ ಡಿಸೈನ್' ಕಲಿತು ಬಂದರು. ಬಳಸುವವರ ಕೈ, ಕಣ್ಣು, ಅಭ್ಯಾಸ ನೋಡಿ ವಸ್ತು ಮಾಡಬೇಕಂತೆ. ಅವರು ಬಂದ ದಿನವೇ ನಾನು ಅವರ ಮನೆಯ ತಗ್ಗು ಬಾಗಿಲಿಗೆ ಹಣೆ ಬಡಿದುಕೊಂಡೆ.

"ನೋಡಿ ನಡೀಬಾರದೇನೋ?" ಎಂದಳು ಕಾಕಾನ ಹೆಂಡತಿ, ನಮ್ಮ ಕಾಕು.

"ಅವನಿಗಿ ಯಾಕ ಬೈತಿ? ತಪ್ಪು ಹಣಿದಲ್ಲ, ಬಾಗಿಲದ್ದು!" ಎಂದರು ಕಾಕಾ. ಅಂಥ ನ್ಯಾಯ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಆಗಲೇ ಕಾಕುವಿನ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಎದುರಿಗಿದ್ದವರೂ ಮಂಜು ಮಂಜು. "ಇನ್ನ ಒಲಿ ಬಿಡು ಕಾಕು, ಅಡಗಿಗೆ ಯಾರನ್ನರ ಇಟ್ರಾಯ್ತು" ಎಂದೆವು. "ಒಲಿ ಬಿಟ್ರ ನಾನೂ ಈ ಮನಿಗೆ ಬಂದ ಬೀಗರಂಗ ಕೂಡಬೇಕಾಗ್ತದ" ಎಂದು ಅತ್ತುಬಿಟ್ಟಳು.

ಮರುದಿನ ಕಾಕಾ ಕಣ್ಣಿಗೆ ಟಾವೆಲ್ ಬಿಗಿದುಕೊಂಡು ಅಡುಗೆಮನೆಗೆ ನುಗ್ಗಿದರು! ಬಳಸುವವರ ಕಷ್ಟ ತಾವೇ ಅನುಭವಿಸಬೇಕಲ್ಲ? ಹಾಗೇ ಅವರು ಕಾಸಿದ ಚಹಾ ಕುಡಿಯುವ ಯೋಗ ಮನೆಗೆ ಬಂದಿದ್ದ ಹೆಡ್‌ಮಾಸ್ತರರದಾಗಿತ್ತು.

"ಚಹಾದಾಗ ಉಪ್ಪು ಬಿದ್ದದಲ್ರೀ ಮಾಸ್ತರ?"

"ಭಾಳ ಚಲೋ ಆತ್ರಿ! ಡಬ್ಬಿದೇ ತಪ್ಪು ಅಂತ ಗೊತ್ತಾತು!"

ಕೈಗೆ ಗುರುತು ಸಿಗಲೆಂದು ಉಪ್ಪಿನ ಡಬ್ಬಿಗೆ ಸುತಳಿ ದಾರ ಸುತ್ತಿದರು. ಗ್ಯಾಸಿನ ಬಟನ್ನಿಗೆ ಹುಣಸೆಬೀಜ ಅಂಟಿಸಿದರು. ಕೊನೆಗೆ ನೆಲದ ನುಣುಪಾದ ಶಹಾಬಾದಿ ಫರಸಿ ಕಲ್ಲನ್ನೇ ಕೀಳಿಸಿ, ಪಡಸಾಲೆಯಿಂದ ಒಲೆಯ ತನಕ ಒರಟು ಫರಸಿಯ ಸಾಲು ಹಾಕಿಸಿದರು.

"ಊರೆಲ್ಲಾ ಪಾಲಿಶ್ ಮಾಡಸ್ತಾರ, ನೀವು ಹಿಂಗ ಮಾಡಿದ್ರ ಕಣ್ಣಿಗಿ ಚಂದ ಕಾಣಲ್ರೀ" ಎಂದ ಕಲ್ಲು ಕೂಡಿಸುತ್ತಿದ್ದ ಗೌಂಡಿ.

"ನಿನ್ನ ಕಣ್ಣಿಗಿ ಅಲ್ಲೋ, ಆಕಿ ಕಾಲಿಗಿ ಹಾಕಸಾಕತ್ತೀನಿ."

ಮಾಸ್ತರರಿಗೆ ಹೈದರಾಬಾದಿನ ನೀರು ತಲೆಗೇರಿದೆ ಎಂದು ಓಣಿಯೆಲ್ಲ ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ?

ಒಂದು ಸಂಜೆ ನಾವೆಲ್ಲ ಅವರ ಪಡಸಾಲೆಯಲ್ಲಿ ಕೂತಿದ್ದಾಗ ಕರೆಂಟ್ ಹೋಯಿತು. ಕಡ್ಡಿಪೆಟ್ಟಿಗೆ ಎಲ್ಲಿ, ಕಂದೀಲು ಎಲ್ಲಿ ಎಂದು ಗದ್ದಲವೋ ಗದ್ದಲ! ನನ್ನ ಹಣೆ ಮತ್ತೆ ಅದೇ ಬಾಗಿಲಿಗೆ ಬಡಿಯಿತು. ಒಳಗಿನಿಂದ ಜೋಳದ ರೊಟ್ಟಿ ಬಡಿಯುವ ಸದ್ದು ಮಾತ್ರ ನಿಲ್ಲಲೇ ಇಲ್ಲ. ಅದನ್ನು ಕೇಳುತ್ತ ಒಬ್ಬೊಬ್ಬರೇ ಸುಮ್ಮನಾದೆವು.

"ಯಾಕ, ಎಲ್ಲಾರೂ ಸುಮ್ಮನಾದ್ರಿ?" ಕಾಕು ಒಳಗಿಂದ ಕೇಳಿದಳು.

"ಕರೆಂಟ್ ಹೋಗ್ಯದ ಕಾಕು."

"ಹೌದಾ? ಯಾವಾಗ?"

ಇದ್ದಷ್ಟು ಮಂಜು ಬೆಳಕೂ ಆಕೆಗೆ ಹೋಗಿಬಿಟ್ಟಿದೆ ಎಂದು ನಮಗೆ ಗೊತ್ತಾದದ್ದೇ ಆಗ. ಕಾಕಾಗೆ ಮೊದಲೇ ಗೊತ್ತಿತ್ತು.

"ರೊಟ್ಟಿ ಬಿಸಿ ಅದಾವ, ಬರ್ರಿ, ಕುಂದ್ರಿ" ಎಂದು ಕಾಕು ಕರೆದಳು.

ನಾನು ಗೋಡೆ ತಡವರಿಸುತ್ತಿದ್ದೆ. ಕಾಕಾ ನನ್ನ ಭುಜ ಹಿಡಿದು, "ಗ್ವಾಡಿ ಬಿಡು, ಕಾಲಾಗ ಒರಟು ಫರಸಿ ಸಿಗ್ತದ, ಅದರ ಮ್ಯಾಲೇ ನಡಿ" ಎಂದರು. ಬರಿಗಾಲಲ್ಲಿ ಆ ಫರಸಿ ಹಿಡಿದು ಹೋದೆ. ಸೀದಾ ಕಾಕುವಿನ ಹತ್ತಿರ ಹೋಗಿ ನಿಂತೆ.