ನಾಲ್ಕು ಸೆಕೆಂಡಿನ ಮೌನ

ಚಪ್ಪಾಳೆಯನ್ನು ಯಾವಾಗ ತಟ್ಟಬೇಕೆಂಬುದು ಎಲ್ಲರಿಗೂ ಗೊತ್ತು. ಯಾವಾಗ ತಟ್ಟಬಾರದೆಂಬ ತಿಳಿವಳಿಕೆ ಮಾತ್ರ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ, ಈ ನಾಲ್ಕೂ ತಾಲ್ಲೂಕುಗಳಲ್ಲಿ ಒಬ್ಬರಿಗೂ ಇಲ್ಲ ಎಂಬುದು ಮಂಚಯ್ಯನವರ ಖಚಿತ ಅಭಿಪ್ರಾಯವಾಗಿತ್ತು. (ಸರಗೂರು ಈಗ ಪ್ರತ್ಯೇಕ ತಾಲ್ಲೂಕು. ಅಲ್ಲಿಯೂ ಇಲ್ಲ.)

ಮಂಚಯ್ಯನವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ, ಎರಡು ತಿಂಗಳು ಸೇವೆ ಸಲ್ಲಿಸಿ ನಿವೃತ್ತರಾದವರು. 'ಸುಮಾರು' ಎಂಬ ಪದವನ್ನು ಅವರು ಬೈಗುಳದ ಸಾಲಿಗೆ ಸೇರಿಸಿದ್ದರು. ಹೆಂಡತಿ ಜಯಲಕ್ಷ್ಮಮ್ಮನವರು 'ಒಂದು ಹತ್ತು ನಿಮಿಷ ತಾಳಿ, ಮುದ್ದೆ ಆಯ್ತದೆ' ಎಂದರೆ ಗಡಿಯಾರ ನೋಡಿ, ಹನ್ನೊಂದನೆಯ ನಿಮಿಷಕ್ಕೆ ಅಡುಗೆಮನೆಯ ಬಾಗಿಲಲ್ಲಿ ಹಾಜರಾಗುತ್ತಿದ್ದರು. ಇಂಥವರನ್ನು ನಲವತ್ತೊಂದು ವರ್ಷ ಸಹಿಸಿದ ಆ ತಾಯಿಗೆ ಸರ್ಕಾರ ಯಾವ ಪಿಂಚಣಿಯನ್ನೂ ಕೊಟ್ಟಿಲ್ಲವೆಂಬುದನ್ನು ಇಲ್ಲಿಯೇ ದಾಖಲಿಸುವುದು ಉಚಿತ.

ಇಂಥ ಮನುಷ್ಯರು ಹದಿನೆಂಟು ಮಂದಿ ಹುಡುಗರ ಗಾಯನ ತಂಡವೊಂದರ ಪರಮಭಕ್ತರಾದದ್ದು ಒಂದು ಭಾನುವಾರ ಬೆಳಿಗ್ಗೆ. ಹುಣಸೂರಿನಲ್ಲಿ ಅವರ ಮನೆಯ ಹಿಂದಿನ ಶಾಲೆಯ ಕೋಣೆಯಲ್ಲಿ 'ಲಕ್ಷ್ಮಣತೀರ್ಥ ಬಾಲಕರ ವೃಂದಗಾನ ತಂಡ' ಅಭ್ಯಾಸ ಮಾಡುತ್ತಿತ್ತು. ಮಂಚಯ್ಯನವರು ವಾರದ ರಜೆಯಂದು ಶಬ್ದ ಮಾಡುವುದನ್ನು ಆಕ್ಷೇಪಿಸಿ ಮೂರು ಪ್ರತಿಗಳಲ್ಲಿ ದೂರು ಬರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಆ ಕೋಣೆಯ ಬಾಗಿಲಿಗೆ ಹೋಗಿ ನಿಂತರು.

ಹುಡುಗರು ಹಾಡುತ್ತಿದ್ದುದು ಸಂಗೀತದ ಮೇಷ್ಟ್ರು ಸುನೀಲ್‌ಕುಮಾರ್ ಸ್ವತಃ ಕಟ್ಟಿದ ಮುಂಗಾರಿನ ಹಾಡು. ಮೋಡ ಕವಿಯುತ್ತದೆ, ಗಾಳಿ ಏಳುತ್ತದೆ, ಹದಿನೆಂಟು ಕಂಠಗಳೂ ಸೇರಿ ಗುಡುಗುತ್ತವೆ. ಆಮೇಲೆ ಒಮ್ಮೆಗೇ ಎಲ್ಲವೂ ನಿಂತುಹೋಗುತ್ತದೆ. ಮಂಚಯ್ಯನವರು ಅಭ್ಯಾಸಬಲದಿಂದ ಕೈಗಡಿಯಾರ ನೋಡಿದರು. ಒಂದು, ಎರಡು, ಮೂರು, ನಾಲ್ಕು ಸೆಕೆಂಡು. ಆ ಮೌನದೊಳಗಿಂದ ಎರಡನೆಯ ಸಾಲಿನ ಮೂರನೆಯ ಹುಡುಗ, ಬಸ್‌ಸ್ಟ್ಯಾಂಡಿನ ಹತ್ತಿರ ಟೀ ಅಂಗಡಿ ಇಟ್ಟಿರುವ ಚಿಕ್ಕಣ್ಣನ ಮಗ ಶರತ್, ಒಬ್ಬನೇ, ತೆಳ್ಳನೆಯ ದನಿಯಲ್ಲಿ 'ಬಿತ್ತು ಹನಿ' ಎಂದ.

ಮಂಚಯ್ಯನವರು ಬಲಗೈ ತಿರುಗಿಸಿ ನೋಡಿಕೊಂಡರು. ಹನಿ ಬಿದ್ದಿರಲಿಲ್ಲ. ಬಿದ್ದಿದೆಯೆಂದು ಪ್ರಮಾಣ ಮಾಡಿ ಹೇಳಲು ಅವರು ಸಿದ್ಧರಿದ್ದರು.

"ದೂರು ಕೊಟ್ಬುಟ್ರಾ?" ಎಂದು ಮನೆಯಲ್ಲಿ ಜಯಲಕ್ಷ್ಮಮ್ಮನವರು ಕೇಳಿದರು.

"ಇಲ್ಲ."

"ಯಾಕೆ, ಮೇಷ್ಟ್ರು ಇರ್ಲಿಲ್ವಾ?"

"ಮೇಷ್ಟ್ರು ಇದ್ದರು. ದೂರು ಇರಲಿಲ್ಲ."

ಅಂದಿನಿಂದ ಆ ತಂಡ ಎಲ್ಲಿ ಹಾಡಿದರೂ ಮೊದಲನೆಯ ಸಾಲಿನ ಮಧ್ಯದ ಕುರ್ಚಿ ಮಂಚಯ್ಯನವರದಾಯಿತು. ನಾಮಕರಣವಿರಲಿ, ಪ್ರತಿಭಾ ಪುರಸ್ಕಾರವಿರಲಿ, ಸಹಕಾರ ಸಂಘದ ವಾರ್ಷಿಕ ಸಭೆಯಿರಲಿ, ಅವರು ಹಾಜರು. ಹುಡುಗರು ಐಸ್‌ಕ್ಯಾಂಡಿ ತಿನ್ನುವಂತಿಲ್ಲ, ಹುಣಸೆಹಣ್ಣು ಚೀಪುವಂತಿಲ್ಲ, ಕ್ರಿಕೆಟ್ಟಿನಲ್ಲಿ ಔಟಾದರೆ ಕೂಗುವಂತಿಲ್ಲ ಎಂದು ಲಿಖಿತ ಸೂಚನೆ ಹೊರಡಿಸಿದರು. ಪ್ರತಿ ಭಾನುವಾರ ಜಯಲಕ್ಷ್ಮಮ್ಮನವರು ಹದಿನೆಂಟು ಲೋಟ ಮೆಣಸಿನ ಕಷಾಯ ಕಾಯಿಸಬೇಕಾಯಿತು. ಲೋಟಕ್ಕೆ ಎಪ್ಪತ್ತು ಮಿಲಿಲೀಟರ್. ಅಳೆಯುವವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

"ಮೊಮ್ಮಗಳ್ಗೆ ಕೆಮ್ಮು ಅಂತ ಫೋನ್ ಬಂದಾಗ ಈ ಪಾಟಿ ಓಡಾಡ್ಲಿಲ್ಲ ನೀವು."

"ಸ್ಪಂದನಾ ವೃಂದಗಾನದಲ್ಲಿ ಹಾಡುವುದಿಲ್ಲವಲ್ಲ."

"ಪುಣ್ಯವಂತೆ ಬುಡಿ," ಎಂದು ಆಕೆ ಒಲೆಯ ಕಡೆ ತಿರುಗಿದರು.

ಆದರೆ ಈ ಭಕ್ತಿಗೆ ಒಂದು ಮುಳ್ಳಿತ್ತು. ಆ ನಾಲ್ಕು ಸೆಕೆಂಡಿನ ಮೌನವನ್ನು ಸಭಿಕರು ಒಮ್ಮೆಯೂ ಉಳಿಯಗೊಡಲಿಲ್ಲ. ಗುಡುಗು ನಿಂತಿತೋ ಇಲ್ಲವೋ, ಹಾಡು ಮುಗಿಯಿತೆಂದು ತಿಳಿದು ಬಡಿದೇ ಬಡಿಯುವರು. ಶರತ್‌ನ 'ಬಿತ್ತು ಹನಿ' ಆ ಚಪ್ಪಾಳೆಯ ಕೆಳಗೆ ಎಲ್ಲೋ ಬಿದ್ದು ಇಂಗಿಹೋಗುವುದು. ಕೃಷ್ಣರಾಜನಗರದಲ್ಲಿ ಚಪ್ಪಾಳೆಯ ಜೊತೆಗೆ ಶಿಳ್ಳೆಯೂ ಬಿತ್ತು. ಹೊಸ ಅಗ್ರಹಾರದಲ್ಲಂತೂ ಸಹಕಾರ ಸಂಘದ ಕಾರ್ಯದರ್ಶಿ ಕರಿಯಯ್ಯನವರು ಮೌನದ ಎರಡನೆಯ ಸೆಕೆಂಡಿಗೇ ಮೈಕು ಹಿಡಿದು ವಂದನಾರ್ಪಣೆ ಆರಂಭಿಸಿಬಿಟ್ಟರು. ಶಾಮಿಯಾನದವರಿಗೆ ಧನ್ಯವಾದ ಹೇಳುವ ಹೊತ್ತಿಗೆ ಹಿಂದಿನಿಂದ ಹುಡುಗನ ದನಿ ಕೇಳಿ, "ಯಾರ್ಲಾ ಅದು, ದೊಡ್ಡೋರು ಮಾತಾಡೋವಾಗ" ಎಂದು ಗದರಿಸಿದರು.

ಆ ರಾತ್ರಿ ಮಂಚಯ್ಯನವರು ಊಟ ಮಾಡಲಿಲ್ಲ.

ಅಷ್ಟರಲ್ಲಿ ಪಿರಿಯಾಪಟ್ಟಣದ ಕಲ್ಯಾಣಮಂಟಪವೊಂದರಲ್ಲಿ ನಾಲ್ಕೂ ತಾಲ್ಲೂಕುಗಳ ಸ್ಪರ್ಧೆ ಏರ್ಪಾಡಾಯಿತು. (ಸರಗೂರನ್ನು ಸೇರಿಸಿ ಐದು, ಆಹ್ವಾನಪತ್ರಿಕೆಯಲ್ಲಿ ತಪ್ಪಾಗಿ ಅಚ್ಚಾಗಿತ್ತು.) ಗೆದ್ದ ತಂಡ ಮೈಸೂರಿಗೆ ಹೋಗುವುದು. ಹುಡುಗರಿಗೆ ಅದು ದೊಡ್ಡ ಸಂಗತಿ. ಶರತ್‌ಗೆ ಇನ್ನೂ ದೊಡ್ಡದು. ಅವನಿಗೆ ಹದಿಮೂರೂವರೆ ತುಂಬಿತ್ತು. ಮೇ ತಿಂಗಳಿನಿಂದ ಅವನ ದನಿ ಆಗೊಮ್ಮೆ ಈಗೊಮ್ಮೆ ಬಿರಿಯತೊಡಗಿತ್ತು. 'ಅಪ್ಪಾ' ಎಂದು ಕೊಳಲಿನಂತೆ ಆರಂಭಿಸಿ 'ಟೀ ಪುಡಿ' ಎನ್ನುವಾಗ ತಮಟೆಯಾಗುವುದು.

"ಇನ್ನೇನ್ ಸಾರ್, ಮೀಸೆ ಬತ್ತಾದೆ," ಎಂದ ಚಿಕ್ಕಣ್ಣ, ಟೀ ಸೋಸುತ್ತ. "ನಮ್ ಮನೇಲಿ ಯಾರ್ಗೂ ಆ ತರ ಗಂಟ್ಲು ಇರ್ಲಿಲ್ಲ. ಬಂದಂಗೇ ಓಯ್ತದೆ ಬುಡಿ. ಮೈಸೂರ್ ಸ್ಟೇಜ್ ಮೇಲೆ ಒಂದು ಕಿತಾ ಆಡ್ಬೇಕು ಅಂತ ಅವನ್ಗೆ ಆಸೆ, ಅಷ್ಟೇಯ."

ಮಂಚಯ್ಯನವರು ಟೀ ಲೋಟವನ್ನು ಕೆಳಗಿಟ್ಟರು. ಆ ಕಂಠಕ್ಕೆ ಉಳಿದಿದ್ದುದು ಹೆಚ್ಚೆಂದರೆ ಒಂದೂವರೆ ತಿಂಗಳು. ಅಷ್ಟರೊಳಗೆ ಒಮ್ಮೆಯಾದರೂ ಆ ಮೌನವು ಮೌನವಾಗಿರಬೇಕು, ಆ ಹನಿ ನೆಲಕ್ಕೆ ಬೀಳುವ ಸದ್ದು ಜನರಿಗೆ ಕೇಳಬೇಕು, ಹುಡುಗ ಮೈಸೂರಿಗೆ ಹೋಗಬೇಕು. ಇದಕ್ಕೆ ತಾವೇ ಟೊಂಕ ಕಟ್ಟದೆ ಗತಿಯಿಲ್ಲವೆಂದು ಅವರು ತೀರ್ಮಾನಿಸಿದರು.

ಮೊದಲನೆಯದಾಗಿ ಸ್ಪರ್ಧೆಯ ಸಂಚಾಲಕರಿಗೆ ಒಂದು ಅರ್ಜಿ ಹೋಯಿತು: ಹಿಂದಿನ ವರ್ಷ ಒಂದು ತಂಡ ಏಳು ನಿಮಿಷ ಹಾಡಿಯೂ ಬಹುಮಾನ ಪಡೆದಿದೆ, ಈ ಬಾರಿ ಆರು ನಿಮಿಷ ಮೀರಿದ ತಂಡವನ್ನು ಮುಲಾಜಿಲ್ಲದೆ ಕೈಬಿಡಬೇಕು. (ನಮ್ಮ ಹುಡುಗರ ಹಾಡು ಐದು ನಿಮಿಷ ಐವತ್ತೆರಡು ಸೆಕೆಂಡು. ಭಯವೇನು?) ಎರಡನೆಯದಾಗಿ, ಮುನ್ನೂರು ಕರಪತ್ರಗಳು. ಶೀರ್ಷಿಕೆ: 'ಮಾನ್ಯ ಸಭಿಕರ ಗಮನಕ್ಕೆ'. ಅದರ ಮೂರನೆಯ ಅಂಶವು ಹೀಗಿತ್ತು: 'ಗುಡುಗಿನ ನಂತರದ ಮೌನವು ಹಾಡಿನ ಅಂತ್ಯವಲ್ಲ. ಮೊದಲನೆಯ ಸಾಲಿನಲ್ಲಿ ಕುಳಿತಿರುವ ನಾನು ಎದ್ದು ನಿಂತು ಚಪ್ಪಾಳೆ ತಟ್ಟುವ ತನಕ ಯಾರೂ ತಟ್ಟತಕ್ಕದ್ದಲ್ಲ. ನಾನು ತಟ್ಟಿದ ಮೇಲೆ ಯಾರೂ ಸುಮ್ಮನಿರತಕ್ಕದ್ದಲ್ಲ.'

"ಯಾರ್ ಕೇಳ್ತಾರೆ ಇದ್ನ?" ಎಂದರು ಜಯಲಕ್ಷ್ಮಮ್ಮನವರು.

"ಕೇಳಿಸುತ್ತೇನೆ."

ಕೇಳಿಸಿದರು. ಸ್ಪರ್ಧೆಯ ದಿನ ತಂಡದ ಬಸ್ಸಿಗೆ ಕಾಯದೆ ಮೊದಲೇ ಹೋಗಿ, ಬೆಳಿಗ್ಗೆ ಒಂಬತ್ತಕ್ಕೇ ಮಂಟಪದ ಬಾಗಿಲಲ್ಲಿ ನಿಂತು, ಬಂದವರ ಕೈಗೆಲ್ಲ ಕರಪತ್ರ ಕೊಟ್ಟು, ಓದಲು ಬಾರದವರಿಗೆ ಓದಿ ಹೇಳಿ, ಓದಲು ಬಂದವರಿಂದ ಮೂರನೆಯ ಅಂಶವನ್ನು ಓದಿಸಿದರು. ಒಬ್ಬ ಅಜ್ಜಿ, "ಮದ್ವೆ ಊಟ ಯಾವ ಕಡೆ ಸಾಮಿ?" ಎಂದು ಕೇಳಿದ್ದಕ್ಕೆ ಆಕೆಗೂ ಒಂದು ಪ್ರತಿ ಕೊಟ್ಟರು. ನಡುವೆ ಮೇಷ್ಟ್ರು ಸುನೀಲ್‌ಕುಮಾರ್ ಓಡಿಬಂದರು.

"ಸಾರ್, ಆ ಮೌನದ ವಿಚಾರ ಒಂದ್ ಮಾತು ಹೇಳ್ಬೇಕಿತ್ತು…"

"ಮೌನದ ವಿಚಾರವನ್ನು ನನಗೆ ಬಿಟ್ಟುಬಿಡಿ. ನೀವು ಶಬ್ದವನ್ನು ನೋಡಿಕೊಳ್ಳಿ."

"ಅಲ್ಲ ಸಾರ್, ಇವತ್ತು…"

"ಮೇಷ್ಟ್ರೇ, ಮುನ್ನೂರು ಜನರನ್ನು ನಾನು ಹಿಡಿದಿದ್ದೇನೆ. ಹದಿನೆಂಟು ಜನರನ್ನು ಹಿಡಿಯುವುದು ನಿಮಗೆ ಕಷ್ಟವೇ?"

ಮೇಷ್ಟ್ರು ಒಂದು ಕರಪತ್ರ ತೆಗೆದುಕೊಂಡು ಹೊರಟುಹೋದರು.

ಹುಣಸೂರಿನ ಹುಡುಗರು ಬಿಳಿಯ ಅಂಗಿ, ನೀಲಿ ಚಡ್ಡಿಯಲ್ಲಿ ವೇದಿಕೆ ಹತ್ತಿದಾಗ ಮಂಚಯ್ಯನವರ ಎಡಗೈ ಗಡಿಯಾರ ಎದೆಯ ಮಟ್ಟಕ್ಕೆ ಬಂತು. ಹಾಡು ಎಂದಿಗಿಂತ ಚೆನ್ನಾಗಿ ಏರಿತು. ಮೋಡ, ಗಾಳಿ, ಗುಡುಗು. ಗುಡುಗು ನಿಂತಿತು.

ಮುನ್ನೂರು ಮಂದಿಯಲ್ಲಿ ಒಬ್ಬರೂ ಅಲುಗಾಡಲಿಲ್ಲ. ಮಂಟಪದ ಫ್ಯಾನುಗಳು ತಿರುಗುವುದು ಮಾತ್ರ ಕೇಳುತ್ತಿತ್ತು. ಮಂಚಯ್ಯನವರ ಬಾಳಿನ ಅತ್ಯಂತ ಯಶಸ್ವಿ ತಪಾಸಣೆ ಅದು. ಒಂದು. ಎರಡು. ಮೂರು. ನಾಲ್ಕು.

ಶರತ್ ಹಾಡಲಿಲ್ಲ.

ಅವರು ತಲೆಯೆತ್ತಿದರು. ಹುಡುಗ ಬಾಯಿ ಅರೆ ತೆರೆದು ನಿಂತಿದ್ದ. ಗಂಟಲಿನ ಗಂಟು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಕಂಠ ಕೈಕೊಟ್ಟಿತು, ಮುಗಿಯಿತು, ಎಂದು ಮಂಚಯ್ಯನವರು ತೀರ್ಮಾನಿಸಿದರು. ಇನ್ನೊಂದು ಗಳಿಗೆ ಬಿಟ್ಟರೆ ಮುನ್ನೂರು ಜನರೂ ನೋಡುವರು, ಯಾರೋ ಕಿಸಕ್ಕೆನ್ನುವರು, ಹುಡುಗ ಅದನ್ನು ಜೀವಮಾನವಿಡೀ ಹೊತ್ತು ತಿರುಗುವನು. ಹಾಡು ಇಲ್ಲಿಗೇ ಮುಗಿಯಿತೆಂದು ಮಾಡಿಬಿಟ್ಟರೆ ಮರ್ಯಾದೆಯಾದರೂ ಉಳಿಯುತ್ತದೆ. ಐದನೆಯ ಸೆಕೆಂಡಿಗೆ ಮಂಚಯ್ಯನವರು ಎದ್ದು ನಿಂತು, ಎರಡೂ ಕೈ ಎತ್ತಿ, ತಮ್ಮ ಶಕ್ತಿಯೆಲ್ಲ ಸೇರಿಸಿ ಚಪ್ಪಾಳೆ ತಟ್ಟಿದರು.

ಸುಶಿಕ್ಷಿತ ಸಭೆ ಅದು. ಒಬ್ಬರೂ ಸುಮ್ಮನಿರಲಿಲ್ಲ. ಊಟ ಕೇಳಿದ್ದ ಅಜ್ಜಿಯೂ ತಟ್ಟಿದಳು. ಆ ನಾಲ್ಕು ತಾಲ್ಲೂಕುಗಳಲ್ಲಿ ಅಂಥ ಚಪ್ಪಾಳೆ ಹಿಂದೆ ಯಾವ ಮಂತ್ರಿಗೂ ಬಿದ್ದದ್ದಿಲ್ಲ. ತೀರ್ಪುಗಾರರು ಪೆನ್ನಿನ ಮುಚ್ಚಳ ಹಾಕಿದರು. ಹದಿನಾರು ಸೆಕೆಂಡಿನ ನಂತರ ಸದ್ದು ಅಡಗಿತು. ಅಲ್ಲಿಯವರೆಗೂ ಕಾಯುತ್ತ ನಿಂತಿದ್ದ ಶರತ್ ಆಗ, ಒಡಕಿಲ್ಲದ ತೆಳ್ಳನೆಯ ದನಿಯಲ್ಲಿ, 'ಬಿತ್ತು ಹನಿ' ಎಂದ.

ಮಂಚಯ್ಯನವರು ಇನ್ನೂ ನಿಂತೇ ಇದ್ದರು.

"ಕೂತ್ಕೊಳ್ಳಿ," ಎಂದು ಜಯಲಕ್ಷ್ಮಮ್ಮನವರು ಅಂಗಿಯ ಚುಂಗು ಹಿಡಿದು ಎಳೆದರು. "ಅವ್ನ್ ಗಂಟ್ಲು ಕೈಕೊಡ್ತದೆ ಅಂತ, ಉಸ್ರು ತಕ್ಕಳಕ್ಕೆ ಏಳು ಸೆಕೆಂಡು ಬುಟ್ಟವ್ರೆ ಮೇಷ್ಟ್ರು. ಬಸ್ಸಲ್ಲಿ ಬರೋವಾಗ ಎಲ್ಲಾ ಹುಡ್ಗರ್ಗೂ ಹೇಳಿದ್ರು. ನಂಗೂ ಹೇಳಿದ್ರು."

"ನನಗೇಕೆ ಹೇಳಲಿಲ್ಲ?"

"ನೀವು ಬಾಯಿ ಬುಡಕ್ಕೆ ಬುಟ್ರಾ?"

ಸಂಚಾಲಕರು ಫಲಿತಾಂಶ ಓದುವಾಗ, ಹುಣಸೂರು ತಂಡದ ಗಾಯನ ಅತ್ಯುತ್ತಮವಾಗಿದ್ದರೂ ಆರು ನಿಮಿಷ ಒಂಬತ್ತು ಸೆಕೆಂಡು ತೆಗೆದುಕೊಂಡದ್ದರಿಂದ, ಹಿರಿಯರಾದ ಶ್ರೀ ಮಂಚಯ್ಯನವರ ಮನವಿಯ ಮೇರೆಗೆ ಈ ವರ್ಷ ಅಳವಡಿಸಿದ ನಿಯಮದಂತೆ ತಂಡವನ್ನು ಕೈಬಿಡಲಾಗಿದೆ ಎಂದು ವಿಷಾದದಿಂದ ತಿಳಿಸಿದರು. ಮಂಚಯ್ಯನವರು ಮನಸ್ಸಿನಲ್ಲೇ ಕೂಡಿ ನೋಡಿದರು. ಲೆಕ್ಕ ಸರಿಯಾಗಿತ್ತು. ಆಕ್ಷೇಪಣೆಗೆ ಎಲ್ಲಿಯೂ ಆಸ್ಪದವಿರಲಿಲ್ಲ.

ಮರಳುವ ಬಸ್ಸಿನಲ್ಲಿ ಯಾರೂ ಅವರನ್ನು ಬಯ್ಯಲಿಲ್ಲ. ಅದೇ ಅವರಿಗೆ ಸಹಿಸಲಾಗಲಿಲ್ಲ. ಶರತ್ ಕಿಟಕಿಯ ಪಕ್ಕ ಕುಳಿತಿದ್ದವನು ಎದ್ದು, "ತಾತ, ಇಲ್ ಕೂತ್ಕೊಳ್ಳಿ, ಗಾಳಿ ಬತ್ತದೆ," ಎಂದ. 'ತಾತ' ಎಂಬುದು ಕೊಳಲಿನಲ್ಲಿ ಬಂತು, 'ಗಾಳಿ' ತಮಟೆಯಲ್ಲಿ.

ಮೂರು ಭಾನುವಾರ ಮಂಚಯ್ಯನವರು ಹಿತ್ತಲ ಕಡೆಯ ಕಿಟಕಿ ತೆರೆಯಲಿಲ್ಲ. ಅಭಿಮಾನಕ್ಕೆ ರಾಜೀನಾಮೆ ಕೊಡುವ ಪತ್ರವೊಂದನ್ನು ಬರೆಯತೊಡಗಿ, ಯಾರಿಗೆಂದು ಸಂಬೋಧಿಸಬೇಕೆಂಬುದು ತಿಳಿಯದೆ ನಿಲ್ಲಿಸಿದರು. ನಾಲ್ಕನೆಯ ವಾರ ಮೇಷ್ಟ್ರೂ ಚಿಕ್ಕಣ್ಣನೂ ಮನೆಗೆ ಬಂದರು. ಸರಗೂರಿನ ಸಮುದಾಯ ಭವನದಲ್ಲಿ ಕಾರ್ಯಕ್ರಮ; ಶರತ್ ಆ ದನಿಯಲ್ಲಿ ಹಾಡುವುದು ಅದೇ ಕೊನೆ; ಮಂಚಯ್ಯನವರಿಗೆ ಅಲ್ಲಿ ಸನ್ಮಾನ.

"ನನಗೆ ಸನ್ಮಾನವೇ? ನಾನು ಮಾಡಿದ್ದಕ್ಕೆ?"

"ನೀವ್ ಬರ್ದೇ ಇದ್ರೆ ನಾನ್ ಆಡಕಿಲ್ಲ ಅಂತ ಕೂತವ್ನೆ ಸಾರ್ ನಮ್ ಉಡ್ಗ," ಎಂದ ಚಿಕ್ಕಣ್ಣ.

ಮಂಚಯ್ಯನವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮತ್ತೆ ಒರೆಸಿದರು. ಕಾರ್ಯಕ್ರಮಪಟ್ಟಿ ನೋಡಿ, "ಸನ್ಮಾನ ಹಾಡಿಗಿಂತ ಮೊದಲು ಇದೆಯಲ್ಲ. ಪದ್ಧತಿಯ ಪ್ರಕಾರ ಕೊನೆಯಲ್ಲಿ ಬರಬೇಕು," ಎಂದಷ್ಟೇ ಹೇಳಿದರು.

"ಈ ಸಲ ಮೊದ್ಲೇ ಇರ್ಲಿ ಬುಡಿ," ಎಂದರು ಜಯಲಕ್ಷ್ಮಮ್ಮನವರು, ಕಾಫಿ ತಂದಿಡುತ್ತ.

ಸರಗೂರಿನಲ್ಲಿ ಅವರನ್ನು ವೇದಿಕೆಯ ಮೇಲೆ ಕೂರಿಸಿ ಮೈಸೂರು ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಾರ ಹಾಕಿದರು. ಕೊನೆಯಲ್ಲಿ ಇಬ್ಬರು ಹುಡುಗರು ಒಂದು ಬಿದಿರ ಬುಟ್ಟಿಯನ್ನು ಹೊತ್ತು ತಂದು ಅವರ ತೋಳುಗಳ ನಡುವೆ ಇರಿಸಿದರು. ಸೇಬು, ಮೂಸಂಬಿ ಇರಬೇಕಾದ ಕಡೆ ಒಂದು ಇಡೀ ಹಲಸಿನಹಣ್ಣಿತ್ತು. ಸನ್ಮಾನದ ಬುಟ್ಟಿಯಲ್ಲಿ ಹಲಸಿನಹಣ್ಣಿಡುವ ಕ್ರಮವನ್ನು ಮಂಚಯ್ಯನವರು ಎಲ್ಲಿಯೂ ಕಂಡಿರಲಿಲ್ಲ. ಎಂಟೂವರೆ ಕಿಲೋಗ್ರಾಂ ಎಂದು ಅವರ ಮೊಣಕೈಗಳು ಲೆಕ್ಕ ಹಾಕಿದವು. ಕೆಳಗಿಡಲು ಬಗ್ಗಿದರೆ ಪಕ್ಕದಲ್ಲಿದ್ದ ಚಿಕ್ಕಣ್ಣ, "ಬ್ಯಾಡಿ ಸಾರ್, ಸನ್ಮಾನದ್ ಅಣ್ಣು ನೆಲ ಮುಟ್ಟಬಾರ್ದು," ಎಂದ. ಹಾಡು ಆರಂಭವಾಯಿತು.

ಮೋಡ, ಗಾಳಿ, ಗುಡುಗು. ಮೌನ ಬಂತು. ಗಡಿಯಾರ ಬುಟ್ಟಿಯ ಕೆಳಗೆ ಸಿಕ್ಕಿಕೊಂಡಿತ್ತು. ಮಂಚಯ್ಯನವರಿಗೆ ನಾಲ್ಕೋ, ಏಳೋ, ಹತ್ತೋ ತಿಳಿಯಲಿಲ್ಲ. ಸಭೆಯಲ್ಲಿ ಒಂದು ಮಗು ಅತ್ತು ಸುಮ್ಮನಾಯಿತು. ಆಮೇಲೆ ಆ ಮೌನದ ತುದಿಯಿಂದ, ಇನ್ನೇನು ಒಡೆಯಬೇಕು ಅನ್ನುವ ದನಿಯಲ್ಲಿ, ಒಡೆಯದೆ, ಹನಿ ಬಿತ್ತು.

ಭವನವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮಂಚಯ್ಯನವರ ಕೆನ್ನೆಯ ಮೇಲೆ ಇಳಿಯುತ್ತಿದ್ದುದನ್ನು ಒರೆಸಿಕೊಳ್ಳಲು ಅವರಿಗೆ ಕೈ ಬಿಡುವಿರಲಿಲ್ಲ.

"ಇಡೀ ಸಭೆ ತಟ್ಟಿತು," ಎಂದು ಅವರು ಬಸ್‌ ನಿಲ್ದಾಣದ ಬೆಂಚಿನ ಮೇಲೆ ಬುಟ್ಟಿಯನ್ನು ಇಳಿಸಿ, ತೋಳು ನೀವಿಕೊಳ್ಳುತ್ತ ಹೇಳಿದರು. "ನಾನೊಬ್ಬನೇ ತಟ್ಟಲಿಲ್ಲ. ಹುಡುಗ ಏನೆಂದುಕೊಂಡನೋ. ಈ ಹಣ್ಣನ್ನು ಯಾರು ಆರಿಸಿದರೋ, ಅವರಿಗೆ ಸ್ವಲ್ಪವೂ ವಿವೇಚನೆಯಿಲ್ಲ."

"ಮೇಷ್ಟ್ರು ಐದು ಕೆಜಿದು ಸಾಕಾಯ್ತದಾ ಅಂತ ಕೇಳಿದ್ರು," ಎಂದರು ಜಯಲಕ್ಷ್ಮಮ್ಮನವರು, ಹಣ್ಣನ್ನು ಬೆರಳಿನಿಂದ ಒತ್ತಿ ನೋಡುತ್ತ. "ಸಾಲ್ದು ಅಂದೆ. ಐದು ಕೆಜಿನ ನೀವು ಒಂದೇ ಕೈಲಿ ಇಡ್ಕಂಡ್ಬುಡ್ತೀರಿ, ನಂಗೊತ್ತಿಲ್ವಾ."